ರಾಚಪ್ಪನವರ ಉಕ್ಕಿನ ಇರುವೆಗಳು

“ಎಲ್ಲಾರೂ ಎರಡ ಹೆಜ್ಜಿ ಹಿಂದ ಸರೀರಿ! ವಿಜ್ಞಾನಕ್ಕ ಜಾಗಾ ಬೇಕು!” ಎಂದು ರಾಚಪ್ಪನವರು ಅಂಗಳದ ನಡುವೆ ನಿಂತು ಕೂಗಿದರು.

ಸೊಸೆ ಕಸ್ತೂರಿ ಅಡುಗೆಮನೆಯ ಬಾಗಿಲ ತನಕ ಸರಿದಳು. ಮಾವನ ವಿಜ್ಞಾನಕ್ಕೆ ಎಷ್ಟು ಜಾಗ ಬೇಕೆಂಬುದು ಅವಳಿಗೆ ಅನುಭವದಿಂದ ಗೊತ್ತಿತ್ತು. ಹಾಲು ಉಕ್ಕುವ ಮೊದಲೇ ಎಚ್ಚರಿಸಬೇಕಿದ್ದ ಅವರ ಯಂತ್ರ ಹಾಲನ್ನು ನೇರ ಚಾವಣಿಗೆ ಹಾರಿಸಿತ್ತು. ಕಲೆ ಇನ್ನೂ ಹೋಗಿರಲಿಲ್ಲ. ಬಟ್ಟೆ ಒಣಗಿಸುವ ಯಂತ್ರ ಅವಳ ಗಂಡ ಸೋಮಲಿಂಗನ ಮದುವೆಯ ಕೋಟನ್ನು ಗೊಂಬೆಗೆ ತೊಡಿಸುವ ಅಳತೆಗೆ ಇಳಿಸಿತ್ತು. ರಾಚಪ್ಪನವರು ನೀರಾವರಿ ಇಲಾಖೆಯಲ್ಲಿ ಪಂಪುಗಳನ್ನು ನೋಡಿಕೊಂಡಿದ್ದವರು. ಅವರು ನಿವೃತ್ತರಾದ ಮೇಲೆ ಪಂಪುಗಳಿಗೆ ನೆಮ್ಮದಿ ಸಿಕ್ಕಿತು, ಮನೆಯವರದು ಹೋಯಿತು.

ಈ ಸಲ ಯಂತ್ರದ ಎದುರು ನಿಂತಿದ್ದದ್ದು ಕಸ್ತೂರಿಯ ಹಳೆಯ ವ್ಯಾನು. ಅವಳು ಹುಬ್ಬಳ್ಳಿಯ ಆ ಓಣಿಯಲ್ಲಿ ನಾಲ್ಕು ಹೆಂಗಸರನ್ನು ಜೊತೆಗಿಟ್ಟುಕೊಂಡು ಜೋಳದ ರೊಟ್ಟಿ ಬಡಿದು ಊರಿಗೆಲ್ಲ ಕೊಡುತ್ತಿದ್ದಳು. ಮರುದಿನ ಮಧ್ಯಾಹ್ನ ಧಾರವಾಡದಲ್ಲೊಂದು ದೊಡ್ಡ ಮದುವೆ. ಅಡುಗೆಯ ಕಾಂಟ್ರಾಕ್ಟರು ಮಲ್ಲನಗೌಡರು ಮೊದಲ ಬಾರಿಗೆ ಅವಳ ಕೈಗೆ ಮದುವೆ ಕೊಟ್ಟಿದ್ದರು. “ರೊಟ್ಟಿ ಹೊತ್ತಿಗೆ ಸರಿಯಾಗಿ ಬಂದ್ರ ಮುಂದಿನ ಎಲ್ಲಾ ಮದುವಿ ನಿಮ್ಮವ. ಬರಲಿಲ್ಲಂದ್ರ ನಾ ಪೂರಿ ಮಾಡಸ್ತೀನಿ,” ಎಂದಿದ್ದರು. ಪೂರಿ! ಆ ಮಾತು ಕಸ್ತೂರಿಯ ಎದೆಗೆ ಚುಚ್ಚಿಕೊಂಡು ಕೂತಿತ್ತು.

ವ್ಯಾನಾದರೋ ಬೆಳಿಗ್ಗೆಯಿಂದ ಲೋಬಾನ ಹಾಕಿದಂತೆ ಬಿಳಿ ಹೊಗೆ ಬಿಡುತ್ತಿತ್ತು. ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿ ಅಲ್ಲೇ ಸಂಸಾರ ಹೂಡಿತ್ತು. ಆಯಿಲು ನೋಡಿದರೆ ಹಾಲು ಬೆರೆಸಿದ ಚಹಾದ ಬಣ್ಣ.

“ಎಂಜಿನ್ ಇಳಸಬೇಕ್ರಿ,” ಎಂದ ಮೆಕ್ಯಾನಿಕ್ ದಾದಾಪೀರ. ಹಿಂದೆ ಹಾರ್ನ್ ಕೆಟ್ಟಾಗಲೂ ಅವನು ಹಾಗೇ ಅಂದಿದ್ದ. ಬಾಗಿಲು ಹಾಕಲು ಬಾರದಿದ್ದಾಗಲೂ ಹಾಗೇ ಅಂದಿದ್ದ.

“ಪೂರಾ ಇಳಸಬೇಕಾ? ಸಣ್ಣದೇನರ ರಿಪೇರಿ ಮಾಡಿದ್ರ ಆಗಂಗಿಲ್ಲಾ?” ಎಂದು ಕಸ್ತೂರಿ ಕೇಳಿದಳು.

“ಅದನ್ನ ಹೇಳಾಕ ನೀವಿಬ್ಬರೂ ಬೇಕಾಗಿಲ್ಲ!” ಎಂದು ರಾಚಪ್ಪನವರು ಯಂತ್ರದ ಮೇಲಿನ ಹೊದಿಕೆ ಎಳೆದರು.

ಅದು ಹಳೆಯ ಬಿಸ್ಕೀಟಿನ ಡಬ್ಬಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಮುಂದೊಂದು ಸ್ಪೀಕರು, ಪಕ್ಕದಲ್ಲಿ ಗಾಜಿನ ಭರಣಿ. ಭರಣಿಯ ತುಂಬ ಸಾಸಿವೆ ಕಾಳಿನಷ್ಟು ಸಣ್ಣ ಉಕ್ಕಿನ ಇರುವೆಗಳು ಮಿಜಿಮಿಜಿ ಎನ್ನುತ್ತಿದ್ದವು.

“ಇದು ಎಂಜಿನ್ ವೈದ್ಯ! ಈ ಇರಿವಿಗೋಳು ಆಯಿಲ್ ನೋಡೂ ತೂತಿನ್ಯಾಗಿಂದ ಒಳಗ ಹೊಕ್ಕಾವ. ಎಲ್ಲಿ ಸುಟ್ಟೈತಿ, ಎಲ್ಲಿ ಸವದೈತಿ ನೋಡ್ಕೊಂಡ ಬರ್ತಾವ. ರಿಪೇರಿ ಸಾಕೋ, ಪೂರಾ ಬಿಚ್ಚಿ ಹೊಸದಾಗಿ ಕಟ್ಟಬೇಕೋ ಅಂತ ಪೆಟ್ಟಿಗಿ ತೀರ್ಮಾನ ಮಾಡತೈತಿ. ತೀರ್ಮಾನ ಅಷ್ಟ ಅಲ್ಲ, ಕೆಲಸಾನೂ ತಾನ ಮಾಡತೈತಿ!”

“ಬಂದ್ ಮಾಡೂ ಬಟನ್ ಎಲ್ಲೈತ್ರಿ ಮಾವಾರ?”

“ಅರ್ಧಕ್ಕ ಬಂದ್ ಮಾಡೂದಂದ್ರ ಕೆಲಸಕ್ಕ ಅವಮಾನ. ಬಟನ್ ಇಟ್ಟಿಲ್ಲ. ಒಂದ ಎಚ್ಚರಿಕಿ: ಎಂಜಿನ್ ಚಾಲೂ ಇದ್ದಾಗ ಇರಿವಿ ಕೆಲಸ ಮಾಡಂಗಿಲ್ಲ. ಕಾವಿಗೆ ಮುದುಡಿ ಮಲಗ್ತಾವ.”

ಇರುವೆಗಳು ಸಾಲು ಹಿಡಿದು ಎಂಜಿನ್ನಿನೊಳಗೆ ಇಳಿದವು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಕೆಮ್ಮಿತು. ರಾಚಪ್ಪನವರದೇ ಕೆಮ್ಮು! ದನಿಯೂ ಅವರದೇ. ಬೇರೆ ಯಾರ ದನಿಯಲ್ಲೂ ಅಷ್ಟು ಖಚಿತತೆ ಇಲ್ಲವೆಂದು ಅವರು ತಮ್ಮದನ್ನೇ ತುಂಬಿದ್ದರು.

“ಹೆಡ್ ಗ್ಯಾಸ್ಕೆಟ್ ಸುಟ್ಟೈತಿ. ಆ ಸಂದಿನ್ಯಾಗಿಂದ ನೀರು ಹೋಗಿ ಆಯಿಲ್ ಕೂಡೈತಿ. ಗ್ಯಾಸ್ಕೆಟ್ ಬದಲಿ ಮಾಡಿದ್ರ ಸಾಕು. ರಿಪೇರಿ!”

ಕಸ್ತೂರಿಗೆ ನಂಬಲಾಗಲಿಲ್ಲ. ಮಾವನ ದನಿ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಮಾತಾಡಿದ್ದನ್ನು ಅವಳು ಮದುವೆಯಾದಾಗಿನಿಂದ ಕೇಳಿರಲಿಲ್ಲ. “ಮಾವಾರ, ಭಾಳ ಪಾಡ ಮಾಡೀರಿ!” ಎಂದು ಮನಸಾರೆ ಹೇಳಿದಳು.

ಅದೇ ತಪ್ಪಾಯಿತು. ಹೊಗಳಿಕೆ ಬಿದ್ದರೆ ರಾಚಪ್ಪನವರು ಸುಮ್ಮನಿರುವವರಲ್ಲ. ಪೆಟ್ಟಿಗೆಗೂ ಅದೇ ಸ್ವಭಾವ ಬಂದಿತ್ತು.

“ತಡೀರಿ, ಇನ್ನಾ ಮುಗದಿಲ್ಲ,” ಎಂದಿತು ಪೆಟ್ಟಿಗೆ. “ಪಿಸ್ಟನ್ ರಿಂಗ್ ಸವದಾವ. ಬೇರಿಂಗ್ ಸಡಲ ಆಗ್ಯಾವ. ಈ ಹೆಣಕ್ಕ ಬರೇ ಗ್ಯಾಸ್ಕೆಟ್ ಹಾಕೂದಂದ್ರ ಹರಕ ಧೋತರಕ್ಕ ಜರಿ ಅಂಚ ಹಚ್ಚಿದಂಗ. ಪೂರಾ ಬಿಚ್ಚಿ ಕಟ್ಟಬೇಕು!”

“ನಾ ಅಂದಿದ್ದಿಲ್ಲೇನ್ರಿ?” ಎಂದ ದಾದಾಪೀರ.

“ನೀ ಅಂದಿದ್ದು ಬ್ಯಾರೆ, ಇದು ವಿಜ್ಞಾನ!” ಎಂದರು ರಾಚಪ್ಪನವರು.

“ಬ್ಯಾಡ್ರಿ! ನನಗ ನಾಳಿ ಒಂದ ದಿನ ಓಡಿದ್ರ ಸಾಕು. ರಿಪೇರಿ ಮಾಡ್ರಿ!” ಎಂದು ಕಸ್ತೂರಿ ಅಡ್ಡ ಬಂದಳು. ಆದರೆ ಇರುವೆಗಳಿಗೆ ಸೊಸೆಯಂದಿರ ಮಾತು ಕೇಳುವ ಕಿವಿ ಇಟ್ಟಿರಲಿಲ್ಲ. ರೊಟ್ಟಿ ಆರಿಸಲು ಹಾಸಿದ್ದ ಬಿಳಿ ಧೋತರದ ಮೇಲೆ ಇಡೀ ಎಂಜಿನ್ನು ಬಿಚ್ಚಿ ಸಾಲಾಗಿ ಬಿತ್ತು. ನೋಡಲು ಬಲು ಚಂದವಿತ್ತು, ದೇವರ ನೈವೇದ್ಯಕ್ಕೆ ಇಟ್ಟಂತೆ.

ಮುಂದೆ ಹೊಸದಾಗಿ ಕಟ್ಟಬೇಕು. ಸವೆದ ಭಾಗಗಳನ್ನು ಇರುವೆಗಳು ಬಿಸಾಡಿದ್ದವು. ಬದಲಿ ಭಾಗ ಎಲ್ಲಿಂದ ತರಬೇಕೆಂದು ರಾಚಪ್ಪನವರು ಅವುಗಳಿಗೆ ಕಲಿಸಿರಲಿಲ್ಲ. ಹೀಗಾಗಿ ಅವು ತಮಗೆ ತಿಳಿದಂತೆ ಸಂತೆ ಮಾಡಿದವು. ಮೊದಲು ಮಿಕ್ಸರಿನ ಬ್ಲೇಡು ಹೋಯಿತು. ಆಮೇಲೆ ಸೀಲಿಂಗ್ ಫ್ಯಾನಿನ ಬೇರಿಂಗು, ಹೊಲಿಗೆ ಯಂತ್ರದ ಚಕ್ರ, ಕುಕ್ಕರಿನ ಸೀಟಿ.

“ನನ್ನ ಕುಕ್ಕರ್ರೀ!” ಎಂದು ಕಸ್ತೂರಿ ಕಿರುಚಿದಳು.

“ಒತ್ತಡ ತಡ್ಯಾಕ ಅದಕ್ಕಿಂತ ಪಾಡ ಸಾಮಾನು ಸಿಗಂಗಿಲ್ಲ. ಇರಿವಿ ಭಾಳ ಶ್ಯಾಣೆ ಅದಾವ!” ಎಂದು ರಾಚಪ್ಪನವರು ಕಣ್ಣೊರೆಸಿಕೊಂಡರು. ಆನಂದಬಾಷ್ಪ!

ಸಂಜೆಯ ಹೊತ್ತಿಗೆ ಎಂಜಿನ್ನು ಮೈದುಂಬಿ ನಿಂತಿತು. ಎಲ್ಲರೂ ಉಸಿರು ಬಿಟ್ಟರು. ಪೆಟ್ಟಿಗೆ ಮಾತ್ರ ಅಭ್ಯಾಸದಂತೆ ಇನ್ನೊಮ್ಮೆ ಇರುವೆಗಳನ್ನು ಒಳಗೆ ಕಳಿಸಿ ಪರೀಕ್ಷೆ ಮಾಡಿತು. ಕೆಮ್ಮಿತು.

“ಯಾವ ಅಡ್ನಾಡಿ ಮೆಕ್ಯಾನಿಕ್ ಕಟ್ಯಾನ್ರಿ ಇದನ್ನ? ಮಿಕ್ಸರಿನ ಬ್ಲೇಡ್ ಹಾಕ್ಯಾನ! ಪೂರಾ ಬಿಚ್ಚಬೇಕು!”

ಇರುವೆಗಳು ಮತ್ತೆ ಬಿಚ್ಚಿದವು. ಮತ್ತೆ ಕಟ್ಟಿದವು. ಪೆಟ್ಟಿಗೆ ಮತ್ತೆ ಕೆಮ್ಮಿತು.

“ನೋಡ್ರಿ, ಈ ಗುಣ ಮಾತ್ರ ಖರೇನ ಮೆಕ್ಯಾನಿಕ್‌ರದು,” ಎಂದು ದಾದಾಪೀರ ಮೆಚ್ಚಿ ತಲೆದೂಗಿದ. ಆಗಲೇ ಅವನ ಸ್ಕೂಟರಿನ ಮೇಲೂ ಇರುವೆಗಳು ಹತ್ತಿದ್ದನ್ನು ಕಂಡು ಮೆಚ್ಚುಗೆ ನಿಂತಿತು.

ಮದುವೆಯ ಸುಗ್ಗಿಯಲ್ಲಿ ಬೇರೆ ಗಾಡಿ ಸಿಗುವುದೇ ಕಷ್ಟ. ಸೋಮಲಿಂಗ ಹೇಗೋ ಕಾಡಿ ಬೇಡಿ ಮರುದಿನ ಬೆಳಿಗ್ಗೆ ಒಂದು ಟಂಟಂ ರಿಕ್ಷಾ ಕರೆತಂದ. ಡ್ರೈವರು ಎಂಜಿನ್ ಬಂದ್ ಮಾಡಿ ಕೆಳಗಿಳಿದ. ಪೆಟ್ಟಿಗೆ “ಪೂರಾ ಬಿಚ್ಚಬೇಕು” ಎಂದಿತು. ಆ ಸುದ್ದಿ ಹಬ್ಬಿದ ಮೇಲೆ ಓಣಿಯೊಳಗೆ ಸೈಕಲ್ಲೂ ಬರಲಿಲ್ಲ.

ಸೋಮಲಿಂಗ ದಣಿದು ಕಟ್ಟೆಯ ಮೇಲೆ ಒರಗಿ ಗೊರಕೆ ಹೊಡೆದ. ಇರುವೆಗಳ ಸಾಲೊಂದು ಅವನ ಅಂಗಿಯ ಮೇಲೆ ಹತ್ತಿತು.

“ಸೈಲೆನ್ಸರ್ ಸೋರಾಕತ್ತೈತಿ. ಒಳಗ ಕೊಬ್ಬ ಕಟ್ಟೈತಿ. ಇದನ್ನ ರಿಪೇರಿ ಮಾಡೂದರಾಗ ಅರ್ಥ ಇಲ್ಲ...”

“ಅಪ್ಪಾ!” ಎಂದು ಚೀರಿ ಸೋಮಲಿಂಗ ನೀರಿನ ಟಾಕಿಯ ಮೇಲೆ ಹತ್ತಿ ಕೂತ.

“ನಾನೂ ಎಷ್ಟೋ ವರ್ಷದಿಂದ ಅದನ್ನ ಹೇಳಾಕತ್ತೀನಿ,” ಎಂದರು ರಾಚಪ್ಪನವರು.

ಕಸ್ತೂರಿ ಕಟ್ಟಿಟ್ಟ ರೊಟ್ಟಿಯ ಗಂಟುಗಳನ್ನು ನೋಡಿದಳು. ನಾಲ್ಕು ಹೆಂಗಸರು ತೋಳು ಬೀಳುವ ತನಕ ಬಡಿದ ರೊಟ್ಟಿ. ಅವರೆಲ್ಲ ಈಗ ಅವಳ ಮುಖವನ್ನೇ ನೋಡುತ್ತ ಕುಳಿತಿದ್ದರು. ಅವಳು ಎಂಜಿನ್ನಿನ ಕಡೆ ತಿರುಗಿದಳು. ಇರುವೆಗಳು ಕಟ್ಟಿ ಮುಗಿಸುತ್ತಿದ್ದವು. ಪೆಟ್ಟಿಗೆ ಪರೀಕ್ಷೆ ಮಾಡಿ ಕೆಮ್ಮುವುದಕ್ಕೆ ಮೊದಲು ಒಂದು ಗಳಿಗೆ ಸಿಗುತ್ತದೆ. ಆಗ ಎಂಜಿನ್ ಚಾಲೂ ಮಾಡಿಬಿಟ್ಟರೆ ಇರುವೆಗಳು ಮಲಗುತ್ತವೆ!

“ಏನ್ರೀ, ಇಳೀರಿ ಕೆಳಗ! ಗಂಟ ಹೇರ್ರಿ! ಮಾವಾರ, ಸರೀರಿ!”

“ನನ್ನ ಯಂತ್ರಾ ಬಿಟ್ಟು ನಾ ಸರಿಯೂದಿಲ್ಲ!” ಎಂದು ರಾಚಪ್ಪನವರು ಪೆಟ್ಟಿಗೆ ಅಪ್ಪಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಕಸ್ತೂರಿ ಚಾವಿ ತಿರುಗಿಸಿದಳು. ಎಂಜಿನ್ನು ಕುಕ್ಕರಿನ ಸೀಟಿ ಹೊಡೆದು ಎದ್ದಿತು. ಇರುವೆಗಳು ಇದ್ದಲ್ಲೇ ಮುದುಡಿದವು.

ಓಣಿ ದಾಟುವಾಗ ರಾಚಪ್ಪನವರು ನೆನಪಿಸಿಕೊಂಡವರಂತೆ ಹೇಳಿದರು: “ಒಂದ ಮಾತು. ಈ ಸಲದ ಎಂಜಿನ್ ನಿಂತಲ್ಲೇ ಗುರುಗುಡಂಗಿಲ್ಲ. ಗಾಡಿ ನಿಂತ್ರ ತಾನೂ ಬಂದ್ ಆಕ್ಕೈತಿ.”

“ಬಂದ್ ಆದ್ರ ಇರಿವಿ ಏಳ್ತಾವಲ್ರಿ!”

“ಹೌದು. ಆದ್ರ ಅದನ್ನ ದೋಷ ಅನಬ್ಯಾಡ. ಉಳಿತಾಯ ಅನ್ನು.”

ಹೀಗಾಗಿ ಕಸ್ತೂರಿ ಧಾರವಾಡದ ತನಕ ಎಲ್ಲಿಯೂ ನಿಲ್ಲಲಿಲ್ಲ. ಕೆಂಪು ದೀಪ ಬಿದ್ದಲ್ಲಿ ಹಸಿರು ಬರುವ ತನಕ ಸರ್ಕಲ್ ಸುತ್ತಿದಳು. ಟ್ರಾಫಿಕ್ ಪೊಲೀಸನು ಮೊದಲು ಸೀಟಿ ಊದಿದ. ಒಳಗಿಂದ ಕುಕ್ಕರು ಅದಕ್ಕಿಂತ ಜೋರಾಗಿ ಊದಿದಾಗ ಮೇಲಿನ ಅಧಿಕಾರಿಯ ಗಾಡಿ ಇರಬೇಕೆಂದು ಸೆಲ್ಯೂಟ್ ಹೊಡೆದ.

ಕಲ್ಯಾಣ ಮಂಟಪದ ಗೇಟಿನಲ್ಲಿ ಮಲ್ಲನಗೌಡರು ಕೈ ಕಟ್ಟಿ ನಿಂತಿದ್ದರು. ಹಿಂದುಗಡೆ ಪೂರಿಯ ಹಿಟ್ಟು ನಾದಲು ಶುರುವಾಗಿತ್ತು.

“ಗೌಡ್ರ, ಜಮಖಾನಿ ಹಿಡೀರಿ!” ಎಂದು ಕೂಗಿ ಕಸ್ತೂರಿ ಮಂಟಪದ ಅಂಗಳದಲ್ಲಿ ಗಾಡಿ ಸುತ್ತಿಸತೊಡಗಿದಳು. ಗೌಡರಿಗೆ ಏನೂ ಅರ್ಥವಾಗದಿದ್ದರೂ ಆಳುಗಳನ್ನು ಕರೆದು ಜಮಖಾನೆ ಹಿಡಿಸಿದರು. ಸೋಮಲಿಂಗ ಹಿಂದಿನ ಬಾಗಿಲಲ್ಲಿ ನಿಂತು ಪ್ರತಿ ಸುತ್ತಿಗೆ ಒಂದೊಂದು ಗಂಟು ಎಸೆದ. ಬೀಗರು ಇದೂ ಮದುವೆಯದೇ ಒಂದು ಶಾಸ್ತ್ರವೆಂದು ತಿಳಿದು ಅಕ್ಷತೆ ಹಾಕಿದರು. ಒಂದಿಷ್ಟು ರೊಟ್ಟಿ ಮುರಿದವು. “ಮುರದದ್ದು ಮೊಸರಿಗೆ ಆಕ್ಕೈತಿ ಬಿಡ್ರಿ!” ಎಂದು ಗೌಡರು ಕೂಗಿದರು. “ಹೊತ್ತಿಗೆ ಬಂದೀರಿ. ಮುಂದಿನ ಮದುವೀನೂ ನಿಮ್ಮದ!” ಪೂರಿಯ ಹಿಟ್ಟು ಒಳಗೆ ಹೋಯಿತು. ಕಸ್ತೂರಿಯ ಕಣ್ಣಲ್ಲಿ ನೀರು ಬಂದು ದಾರಿ ಮಂಜಾಯಿತು. ಸೀರೆಯ ಸೆರಗಿನಿಂದ ಒರೆಸಿಕೊಳ್ಳುತ್ತಲೇ ಇನ್ನೊಂದು ಸುತ್ತು ಹೊಡೆದಳು.

ಕಡೆಯ ಗಂಟು ಬಿದ್ದ ಮೇಲೆ ಅವಳು ಗೇಟಿನಿಂದ ಹೊರಗೆ ತಿರುಗಿಸಿದಳು. ಅಲ್ಲಿ ವರನ ಮೆರವಣಿಗೆ ಬರುತ್ತಿತ್ತು. ರಸ್ತೆ ತುಂಬ ಕುಣಿಯುವ ಜನ, ನಡುವೆ ಬ್ಯಾಂಡು. ಕಸ್ತೂರಿ ಬ್ರೇಕು ಒತ್ತಿದಳು. ಎಂಜಿನ್ನು ಸೀಟಿ ಹೊಡೆದು ಬಂದಾಯಿತು.

ಪೆಟ್ಟಿಗೆ ಕೆಮ್ಮಿತು.

ಇರುವೆಗಳು ಎದ್ದು ಮೈ ಕೊಡವಿ ನಾಲ್ಕೂ ದಿಕ್ಕಿಗೆ ಹೊರಟವು. ಊದುವವನ ಬಾಯಲ್ಲಿದ್ದ ಹಿತ್ತಾಳೆಯ ತುತ್ತೂರಿ ಸೈಲೆನ್ಸರಾಯಿತು. ದೊಡ್ಡ ತಾಳ ಎರಡೂ ಕ್ಲಚ್ಚಿಗೆ ಹೋದವು. ಡೋಲಿನ ತಿರುಪು, ಕ್ಲಾರಿನೆಟ್ಟಿನ ಕೀಲಿ, ಕಡೆಗೆ ಬ್ಯಾಂಡ್ ಮಾಸ್ತರನ ಕೋಟಿನ ಗುಂಡಿಗಳೂ ಹೋದವು! ಮಾಸ್ತರ ಕೋಟು ಹಿಡಿದುಕೊಂಡು, “ಇದೇನ್ರಿ ಅನ್ಯಾಯಾ!” ಎಂದು ಕುಣಿದ, ಜನ ಅದನ್ನೂ ಕುಣಿತವೆಂದೇ ತಿಳಿದರು.

ಎಂಜಿನ್ನು ಕಟ್ಟಿ ಮುಗಿಯಿತು. ಪೆಟ್ಟಿಗೆ ಪರೀಕ್ಷೆ ಮಾಡಿತು. ಎಲ್ಲರೂ ಕಾದರು. ಕೆಮ್ಮು ಬರಲಿಲ್ಲ.

“ಈಗ ಪಾಡ ಆತು,” ಎಂದಿತು ಪೆಟ್ಟಿಗೆ, ಸಮಾಧಾನದ ದನಿಯಲ್ಲಿ. ಇರುವೆಗಳು ಸಾಲಾಗಿ ಬಂದು ಭರಣಿ ಸೇರಿದವು.

ಕಸ್ತೂರಿ ಹೆದರುತ್ತ ಅಕ್ಸಿಲರೇಟರ್ ಒತ್ತಿದಳು. ವ್ಯಾನು ಪೂರಾ ಬ್ಯಾಂಡಿನ ದನಿಯಲ್ಲಿ, ತಾಳ ತಪ್ಪದೆ, ಮದುವೆಯ ಹಾಡು ನುಡಿಸುತ್ತ ಹೊರಟಿತು. ಎಷ್ಟು ಒತ್ತಿದರೂ ನಡಿಗೆಯ ವೇಗ ಮೀರಲಿಲ್ಲ. ಸ್ವಲ್ಪ ಮುಂದೆ ಹೋಗಿ ತಾನಾಗಿ ನಿಂತು, ಕುಣಿಯುವವರಿಗೆ ಅವಕಾಶ ಕೊಟ್ಟು, ಮತ್ತೆ ಹೊರಟಿತು. ವರ ಕುದುರೆಯಿಂದ ಇಳಿದು ವ್ಯಾನಿನ ನೆತ್ತಿಯ ಮೇಲೆ ಕೂತ.

ವಾದ್ಯವೇ ಇಲ್ಲದ ಬ್ಯಾಂಡ್ ಮಾಸ್ತರನಿಗೆ ವ್ಯಾನನ್ನೇ ಕೊಡುವುದೆಂದು ಪಂಚಾಯಿತಿಯಾಯಿತು. ಈಗ ಅವನು ಒಬ್ಬನೇ ಸ್ಟೇರಿಂಗ್ ಹಿಡಿದು ಮೆರವಣಿಗೆ ಮುಗಿಸುತ್ತಾನೆ. ಊದುತ್ತಿದ್ದವರೆಲ್ಲ ಹಿಂದಿನ ಸೀಟಿನಲ್ಲಿ ಕೂತು ಚುರುಮುರಿ ತಿನ್ನುತ್ತಾರೆ. ದಾದಾಪೀರ ಒಮ್ಮೆ ಆ ಎಂಜಿನ್ನು ಕೇಳಿ ನೋಡಿ, “ಇಳಸಬೇಕ್ರಿ, ಶ್ರುತಿ ಸ್ವಲ್ಪ ತಪ್ಪೈತಿ,” ಎಂದನಂತೆ.

ಕಸ್ತೂರಿ ಈಗ ರೊಟ್ಟಿಯ ಗಂಟುಗಳನ್ನು ಬಸ್ಸಿಗೆ ಹಾಕಿ ಕಳಿಸುತ್ತಾಳೆ. ಮೊನ್ನೆ ರಾಚಪ್ಪನವರು ಭರಣಿಯನ್ನು ಬಗಲಲ್ಲಿಟ್ಟುಕೊಂಡು ಬಸ್ ನಿಲ್ದಾಣದ ತನಕ ಹಿಂದೆಯೇ ಬಂದರು.

“ಆ ಬಸ್ಸಿನ ದನಿ ಕೇಳಿದೇನ? ನಾಲ್ಕ ರೋಗ ಅದಾವ ಅದಕ್ಕ. ಹೆಂಗ ಓಡತೈತೋ ಏನೋ!”

ಕಸ್ತೂರಿ ಗಂಟನ್ನು ಬಸ್ಸಿನ ಮೇಲೆ ಏರಿಸಿ ಕೈ ಝಾಡಿಸಿಕೊಂಡಳು.

“ಅದಕ್ಕಿನ್ನಾ ಯಾರೂ ಹೇಳಿಲ್ರಿ ಮಾವಾರ. ಅದಕ್ಕ ಓಡತೈತಿ.”