ಪಂಪು ಆರಿಸುವ ವಿದ್ಯೆ

ಆಫೀಸಿನ ಬುದ್ಧಿಯನ್ನು ಆಫೀಸಿನಲ್ಲೇ ಬಿಟ್ಟು ಬರುವವರೇ ಸುಖಿಗಳು. ನನಗೆ ಅಷ್ಟು ತಿಳಿವಳಿಕೆ ಇರಲಿಲ್ಲ. ಚೆನ್ನೈನ ಪೆರುಂಗುಡಿಯ ಕಂಪನಿಯೊಂದರಲ್ಲಿ ಕಾರ್ಖಾನೆಗಳಿಗೆ ಪಂಪು ಆರಿಸಿಕೊಡುವ ಇಂಜಿನಿಯರ್ ನಾನು. ಬೆಲೆಗೆ ಇಷ್ಟು ತೂಕ, ಬಾಳಿಕೆಗೆ ಇಷ್ಟು ತೂಕ ಎಂದು ಗೊತ್ತುಮಾಡಿ, ಒಂದೊಂದು ಪಂಪಿಗೂ ಅಂಕ ಹಾಕಿ, ಗುಣಿಸಿ ಕೂಡಿದರೆ ಹೆಚ್ಚು ಬಂದದ್ದೇ ಗೆದ್ದ ಹಾಗೆ. ಮಗಳು ಅನು ಓದುವ ಪೋರೂರಿನ ಶಾಲೆಯವರು, "ಇದನ್ನ ಮಕ್ಕಳಿಗೂ ಹೇಳಿಕೊಡಿ ಸಾರ್, ನಿರ್ಧಾರ ಮಾಡೋದು ಕಲೀಲಿ" ಎಂದಾಗ ಉಬ್ಬಿಹೋದೆ. "ಅಪ್ಪ ಅಮ್ಮ ಹೇಳಿದರೆಂದು ಒಪ್ಪಬೇಡಿ, ಲೆಕ್ಕ ಹಾಕಿ ನೋಡಿ" ಎಂದು ಭಾಷಣ ಬಿಗಿದು ಚಪ್ಪಾಳೆ ಗಿಟ್ಟಿಸಿಕೊಂಡು ಬಂದೆ. ಯಾವ ಶನಿ ಹೆಗಲೇರಿತ್ತೋ!

ಅನುವಿನ ಹತ್ತನೆಯ ತರಗತಿ ಮುಗಿಯಿತು. ಹನ್ನೊಂದಕ್ಕೆ ಯಾವ ಗ್ರೂಪು, ಅಂದರೆ ಯಾವ ವಿಷಯಗಳು? ಕಂಪ್ಯೂಟರ್ ಬಿಟ್ಟರೆ ಗತಿಯಿಲ್ಲವೆಂದು ಇಡೀ ಊರೇ ನಂಬಿದ್ದ ಕಾಲ, ನಾನೂ ನಂಬಿದ್ದೆ. ಅನು ಅಂಕ ಹಾಕಿ ತಂದು ಮುಂದಿಟ್ಟಳು. ಕಾಮರ್ಸ್ ಗೆದ್ದಿತ್ತು! "ತೂಕ ಸರಿಯಿಲ್ಲ ಕಣೇ" ಎಂದು 'ಕೆಲಸ ಸಿಗುವುದು' ಎಂಬುದಕ್ಕೆ ತೂಕ ಏರಿಸಿದೆ, 'ಇಷ್ಟ' ಎಂಬುದಕ್ಕೆ ಇಳಿಸಿದೆ. ಆದರೂ ಹಾಳು ಕಾಮರ್ಸೇ. ಕೊನೆಗೆ 'ಇಷ್ಟ'ವನ್ನೇ ಹೊಡೆದುಹಾಕಿದೆ. ಕಂಪ್ಯೂಟರ್ ಮೇಲೆ ಬಂತು. "ನೋಡಿದ್ಯಾ!" ಎಂದೆ.

"ನೀ ಮುಡಿವು ಪಣ್ಣಿಟ್ಟು ತಾನೇ ಮಾರ್ಕ್ ಪೋಡ್ರೆ!" ಎಂದಳು. ನಮ್ಮ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲೇ ಉತ್ತರ ಕೊಡುವವಳು. ತೀರ್ಮಾನ ಮೊದಲು, ಅಂಕ ಆಮೇಲೆ ಎನ್ನುವುದು ಅವಳ ಆರೋಪ. ನನಗೆ ಮೈಯೆಲ್ಲ ಉರಿಯಿತು. ಏಕೆಂದರೆ ಆಫೀಸಿನಲ್ಲಿ ನಡೆಯುವುದೂ ಅದೇ. ಸಾಹೇಬರು ಮೊದಲು ಒಂದು ಪಂಪಿಗೆ ಬೆರಳು ತೋರಿಸುತ್ತಾರೆ. ಅದೇ ಗೆಲ್ಲುವಂತೆ ತೂಕ ಹೊಂದಿಸುವುದರಲ್ಲಿ ನಾನು ಎತ್ತಿದ ಕೈ. ಇವಳಿಗೆ ಯಾರು ಹೇಳಿದರು? ಕೂಗಾಡಿದೆ. ಅಡುಗೆಮನೆಯಿಂದ ನನ್ನಾಕೆ, "ಕಲಿಸಿದೋರು ನೀವೇ ತಾನೇ? ಈಗ ಯಾಕ್ರೀ ಹಾರಾಡ್ತೀರಾ?" ಎಂದಳು. ಅನುವಿನ ಕಣ್ಣು ತುಂಬಿತು. ಅಪರೂಪಕ್ಕೆ ಕನ್ನಡದಲ್ಲೇ, "ಓದೋಳು ನಾನು ಅಪ್ಪಾ" ಎಂದಳು. ಅದಕ್ಕೆ ಯಾವ ತೂಕ ಹಾಕಲಿ? ಕಾಮರ್ಸಿನ ಅರ್ಜಿಗೆ ಸಹಿ ಹಾಕಿದೆ.

ಭಾನುವಾರ ತಾಯಿ ಮಗಳು ಹೊಸ ಪುಸ್ತಕ ತರಲು ಹೋದರು. ಸುಮ್ಮನೆ ಕೂರಲಾರದೆ, ಅನುವಿನ ವಯಸ್ಸಿನಲ್ಲಿ ನಾನು ಏನು ಓದಬೇಕಿತ್ತೆಂದು ಲೆಕ್ಕ ಹಾಕಲು ಕುಳಿತೆ. ಆಗ ನಮ್ಮಪ್ಪ "ಇಂಜಿನಿಯರಿಂಗ್" ಎಂದಿದ್ದರು, ಅಲ್ಲಿಗೆ ಮಾತು ಮುಗಿದಿತ್ತು. ಪ್ರಾಮಾಣಿಕವಾಗಿ ಅಂಕ ಹಾಕಿದೆ. ಇತಿಹಾಸ ಮೊದಲು ಬಂತು. ಇಂಜಿನಿಯರಿಂಗು ಎಲ್ಲಕ್ಕಿಂತ ಕೆಳಗೆ. ಇಷ್ಟು ವರ್ಷದ ಮೇಲೆ ಇದೇನು ಗ್ರಹಚಾರ! ಎಲ್ಲೋ ತೂಕ ತಪ್ಪಿರಬೇಕೆಂದು 'ಇಷ್ಟ'ವನ್ನು ಹೊಡೆದುಹಾಕಿ ಮತ್ತೆ ಕೂಡಿದೆ. ಇಂಜಿನಿಯರಿಂಗೇ ಗೆದ್ದಿತು.