ಹೆಸರಿಲ್ಲದ ಬಳೆಯ ಆಳ್ವಿಕೆ

ತೆಶ್ನಾ ಊರಿನ ದೇಗುಲದ ದಕ್ಷಿಣ ಗೋಡೆಯ ಮೇಲೆ ಒಂದೇ ವರ್ಷದಲ್ಲಿ ದೊರೆಯ ಹೆಸರನ್ನು ಏಳು ಸಲ ಕೆತ್ತಿ, ಏಳು ಸಲ ಕೆರೆದುಹಾಕಲಾಯಿತು. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ನಾಮಪಾಲನಾ ಕಚೇರಿಯು ಲಿಖಿತವಾಗಿ ತಿಳಿಸಿದೆ.

ದೊರೆಗಳು ಇರುತ್ತಿದ್ದುದು ಅಲೆಕ್ಸಾಂಡ್ರಿಯಾದಲ್ಲಿ. ತೆಶ್ನಾ ಇರುವುದು ನೈಲ್ ನದಿಯ ಮೇಲ್ಗಡೆ, ದೋಣಿಯಲ್ಲಿ ಹದಿನೆಂಟು ದಿನದ ದಾರಿ. ಇಂಥವರು ಪಟ್ಟಕ್ಕೆ ಕೂತರೆಂಬ ಸುದ್ದಿ ಹೊತ್ತ ದೋಣಿ ಊರು ಮುಟ್ಟುವಷ್ಟರಲ್ಲಿ ಅವರು ಪಟ್ಟದಿಂದ ಇಳಿದಿರುತ್ತಿದ್ದರು. ಸಾಮಾನ್ಯವಾಗಿ ತಾವಾಗಿ ಇಳಿಯುತ್ತಿರಲಿಲ್ಲ. ಮಕೆದೋನಿಯಾದಿಂದ ಬಂದ ಮನೆತನ ಅದು, ಬಹಳ ಒಗ್ಗಟ್ಟಿನ ಮನೆತನ. ಮದುವೆಗೆ ಹೊರಗಿನವರನ್ನು ಹುಡುಕುತ್ತಿರಲಿಲ್ಲ. ಕೊಲೆಗೂ ಹೊರಗಿನವರನ್ನು ಹುಡುಕುತ್ತಿರಲಿಲ್ಲ.

ಗಂಡುಮಕ್ಕಳಿಗೆಲ್ಲ ಒಂದೇ ಹೆಸರು ಇಡುವುದು ಅವರ ಪದ್ಧತಿಯಾದ್ದರಿಂದ ಬಿರುದು ನೋಡಿ ಗುರುತು ಹಿಡಿಯಬೇಕಿತ್ತು. ತಂದೆಯನ್ನು ಮುಗಿಸಿದವನು ‘ಪಿತೃಪ್ರಿಯ’. ತಾಯಿಯನ್ನು ಸೆರೆಗೆ ಹಾಕಿದವನು ‘ಮಾತೃಪ್ರಿಯ’. ತಮ್ಮನ ಸಾರಿಗೆ ಏನನ್ನೋ ಬೆರೆಸಿದವನು ‘ಭ್ರಾತೃಪ್ರಿಯ’. ಬಿರುದು ಓದಿದರೆ ಸಾಕು, ಮನೆಯಲ್ಲಿ ಈಗ ಯಾರು ಇಲ್ಲ ಎಂಬುದು ಪ್ರಜೆಗಳಿಗೆ ತಿಳಿಯುತ್ತಿತ್ತು.

ಈ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತುವ ಕೆಲಸ ಪಮೊಂತನದು. ಐವತ್ತು ದಾಟಿದ ಮನುಷ್ಯ. ಮಾತು ಕಡಿಮೆ, ಉಳಿಯ ಪೆಟ್ಟು ಮಾತ್ರ ಕೂದಲೆಳೆಯಷ್ಟೂ ಆಚೀಚೆ ಆಗದು. ಮೊದಲು ಹಗ್ಗ ಸುತ್ತಿದಂತೆ ಉದ್ದನೆಯ ಬಳೆಯೊಂದನ್ನು ಕೆತ್ತಬೇಕು, ಆಮೇಲೆ ಬಳೆಯೊಳಗೆ ದೊರೆಯ ಹೆಸರು. ಅವನ ಅಜ್ಜ ಇಡೀ ಜೀವಮಾನದಲ್ಲಿ ಎರಡು ಹೆಸರು ಕೆತ್ತಿ ನೆಮ್ಮದಿಯಾಗಿ ಸತ್ತಿದ್ದ. ಅಪ್ಪ ಐದು ಕೆತ್ತಿದ್ದ. ಪಮೊಂತ ಈ ವರ್ಷದ ಕುಯ್ಲಿಗೆ ಮುಂಚೆಯೇ ಏಳು ಮುಗಿಸಿದ್ದ.

ನಾಮಪಾಲನಾ ನಿಯಮ ಒಂಬತ್ತು ಹೀಗೆ ಹೇಳುತ್ತದೆ: ಅರಮನೆಯ ದೋಣಿ ಬಂದ ದಿನ ಸೂರ್ಯ ಮುಳುಗುವುದರೊಳಗೆ ಗೋಡೆಯ ಮೇಲೆ ಹಾಲಿ ದೊರೆಯ ಹೆಸರು ಇಲ್ಲದಿದ್ದಲ್ಲಿ, ಕೆತ್ತುವವನ ಬಲಗೈ ಹೆಬ್ಬೆರಳನ್ನು ತೆಗೆಯತಕ್ಕದ್ದು. ಬೆರಳಿಲ್ಲದವನು ಆಮೇಲೆ ಕೆತ್ತುವುದು ಹೇಗೆ ಎಂಬುದಕ್ಕೆ ನಿಯಮ ಹತ್ತು ಇದೆ: ಎಡಗೈ ಬಳಸತಕ್ಕದ್ದು.

ಊರಿನ ನಾಮಪಾಲಕ ಲಿಸಾನಿಯಾಸ್ ಗ್ರೀಕರವನು. ಕೆಟ್ಟವನಲ್ಲ. ಯಾರ ಬೆರಳು ಕತ್ತರಿಸಿದರೂ ಗಾಯಕ್ಕೆ ಜೇನು ಹಚ್ಚಿಸಿ ಕಳಿಸುತ್ತಿದ್ದ. ದೋಣಿ ಬಂದಾಗಲೆಲ್ಲ ದಡದ ಮೆಟ್ಟಿಲ ಮೇಲೆ ನಿಂತು ಓದುತ್ತಿದ್ದ:

“ಪ್ರಜೆಗಳ ಗಮನಕ್ಕೆ. ನಮ್ಮ ಪ್ರೀತಿಯ ದೊರೆಗಳು ಊಟದ ಮಧ್ಯದಲ್ಲಿ ದೇವರಾದರು. ಪ್ರಜೆಗಳು ಇಂದು ಮಧ್ಯಾಹ್ನದವರೆಗೆ ಅಳತಕ್ಕದ್ದು. ಮಧ್ಯಾಹ್ನದ ನಂತರ ಹೊಸ ದೊರೆಗಳಿಗಾಗಿ ಹರ್ಷಿಸತಕ್ಕದ್ದು. ಎರಡಕ್ಕೂ ಹಾಜರಿ ಹಾಕಲಾಗುವುದು.”

ಎಂಟನೆಯ ದೋಣಿ ಬಂದ ದಿನ ಪಮೊಂತ ಅಳುವ ಹಾಜರಿ ಕೊಟ್ಟು, ಉಳಿ ಸುತ್ತಿಗೆ ಹಿಡಿದು ಗೋಡೆಯ ಹತ್ತಿರ ಹೋದ. ಏಳು ಸಲ ಕೆರೆದ ಜಾಗ ಮೊಳದಷ್ಟು ಆಳಕ್ಕೆ ಇಳಿದಿತ್ತು. ಅವನು ತಲೆ, ಭುಜ ಎಲ್ಲ ಒಳಗೆ ತೂರಿಸಿ ಕೆರೆಯತೊಡಗಿದ. ನಾಲ್ಕನೆಯ ಪೆಟ್ಟಿಗೆ ಉಳಿ ಆಚೆ ಕಡೆಗೆ ಹೋಯಿತು.

ಆಚೆ ಕಡೆ ದೇವರ ನೈವೇದ್ಯದ ಕೋಣೆ. ದೊಡ್ಡ ಪೂಜಾರಿ ಹೊರ್ಸಿಯೆಸ್ ದೇವರಿಗೆಂದು ಬಂದ ಬಾತುಕೋಳಿಯ ಕಾಲನ್ನು ದೇವರ ಪರವಾಗಿ ತಿನ್ನುತ್ತಿದ್ದ. ಬೋಳುತಲೆಯ ಮೇಲೆ ಕಲ್ಲಿನ ಪುಡಿ ಉದುರಿತು.

“ಯಾರಯ್ಯ ಅದು?”

“ನಾನು ಬುದ್ಧಿ, ಪಮೊಂತ. ಗೋಡೆ ಮುಗ್ದೋಯ್ತು.”

“ಮುಗ್ದೋಯ್ತು ಅಂದ್ರೆ?”

“ಕೆರೆಯೋಕೆ ಇನ್ನು ಗೋಡೆ ಇಲ್ಲ. ನಿಮ್ಮ ಬಾತುಕೋಳಿ ಕಾಣ್ತಾ ಇದೆ.”

ಪೂಜಾರಿ ಕಾಲನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡ. “ಅದು ದೇವರದು. ನೀನು ನೋಡಿಲ್ಲ. ನೀನು ನೋಡಿಲ್ಲ ಅಂದ್ಮೇಲೆ ತೂತೂ ಇಲ್ಲ.”

ತೂತು ಇಲ್ಲವೆಂದು ತೀರ್ಮಾನವಾದ ಮೇಲೆ ಅದನ್ನು ಮುಚ್ಚಲು ಕಲ್ಲು ಬೇಡುವ ಹಾಗಿರಲಿಲ್ಲ. ಪಮೊಂತ ಕಚೇರಿಗೆ ಹೋಗಿ ಲಿಸಾನಿಯಾಸನಿಗೆ ವಿಷಯ ತಿಳಿಸಿದ. ಲಿಸಾನಿಯಾಸ್ ಬಂದು, ತೂತಿನಲ್ಲಿ ಕೈ ಹಾಕಿ ನೋಡಿ, ಗಂಭೀರನಾದ.

“ಪಮೊಂತ, ನನಗೆ ನಿನ್ನ ಮೇಲೆ ಏನೂ ಕೋಪ ಇಲ್ಲಪ್ಪ. ಆದ್ರೆ ಸಂಜೆ ಹೊತ್ತಿಗೆ ಹೆಸರು ಇಲ್ಲ ಅಂದ್ರೆ ಬೆರಳು ಹೋಗತ್ತೆ.”

“ಸ್ವಾಮಿ, ಬರೀ ಗಾಳಿ ಮೇಲೆ ಹೆಂಗೆ ಕೆತ್ಲಿ?”

“ಅದು ತಾಂತ್ರಿಕ ಪ್ರಶ್ನೆ. ನಾನು ಆಡಳಿತದವನು.”

ಇಷ್ಟು ಮಾತಾಡುವಷ್ಟರಲ್ಲಿ ದಡದಲ್ಲಿ ಕಹಳೆ ಕೇಳಿತು. ಅದೇ ದಿನ ಇನ್ನೊಂದು ದೋಣಿ ಬಂದಿತ್ತು. ಮೊದಲನೆಯದನ್ನು ಹೊಸ ದೊರೆಯಾದ ಅಣ್ಣ ಕಳಿಸಿದ್ದ, ಈಗ ಬಂದದ್ದನ್ನು ಅವನ ತಂಗಿ ಕಳಿಸಿದ್ದಳು. ಅಣ್ಣ ತಂಗಿ ಇಬ್ಬರೂ ಗಂಡಹೆಂಡತಿಯೂ ಆಗಿದ್ದು, ಸದ್ಯ ಮಾತು ಬಿಟ್ಟು ಸೈನ್ಯ ಕಟ್ಟಿಕೊಂಡಿದ್ದರು. ಎರಡೂ ದೋಣಿಗಳಲ್ಲಿ ಒಬ್ಬೊಬ್ಬ ದಳಪತಿ, ಇಪ್ಪತ್ತಿಪ್ಪತ್ತು ಜನ ಸಿಪಾಯಿಗಳು. ತಂಗಿಯ ದೋಣಿಯಲ್ಲಿ ಮೇಲಾಗಿ ಒಬ್ಬ ರೋಮಿನವನು, ಹೆಸರು ವೆಟ್ಟಿಯಸ್. ಅವನ ಹುದ್ದೆ ‘ಗೆಳೆತನದ ಪ್ರತಿನಿಧಿ’. ರೋಮ್ ಈ ದೇಶದ ಗೆಳೆಯನಾಗಿತ್ತು. ಗೆಳೆತನದ ಗೋಧಿ ಎಲ್ಲಿ ಸಿಗುತ್ತದೆಂದು ನೋಡಿಕೊಂಡು ಹೋಗಲು ಅವನು ಬಂದಿದ್ದ.

ಇಬ್ಬರು ದಳಪತಿಗಳೂ ಗೋಡೆಯ ಮುಂದೆ ನಿಂತರು.

“ಸಂಜೆಯೊಳಗೆ ದೊರೆ ಹೆಸರು ಇಲ್ಲಿರ್ಬೇಕು. ಇಲ್ಲದಿದ್ರೆ ಇವನ ಹೆಬ್ಬೆರಳು,” ಎಂದ ಒಬ್ಬ.

“ಸಂಜೆಯೊಳಗೆ ರಾಣಿ ಹೆಸರು ಇಲ್ಲಿರ್ಬೇಕು. ಇಲ್ಲದಿದ್ರೆ ಇವನ ಹೆಬ್ಬೆರಳು,” ಎಂದ ಇನ್ನೊಬ್ಬ.

ಲಿಸಾನಿಯಾಸ್ ಪಮೊಂತನ ಎರಡೂ ಕೈಗಳನ್ನು ನೋಡಿ ಸಮಾಧಾನದ ಉಸಿರು ಬಿಟ್ಟ. “ತೊಂದರೆ ಇಲ್ಲ. ಇವನಿಗೆ ಎರಡು ಇವೆ.”

ಆ ಹೊತ್ತಿಗೆ ಪಮೊಂತನ ಹೆಂಡತಿ ತಬೆಸ್ ಈರುಳ್ಳಿ, ರೊಟ್ಟಿ ಕಟ್ಟಿಕೊಂಡು ಗಂಡನಿಗೆ ಊಟ ತಂದಿದ್ದಳು. ಈ ಮಾತು ಕಿವಿಗೆ ಬಿದ್ದದ್ದೇ ತಡ, ಬುಟ್ಟಿ ಕೆಳಗಿಟ್ಟು ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

“ಏನ್ ಸ್ವಾಮಿ, ಬೆರಳೇನು ನಮ್ಮ ತೋಟದ ಸೌತೆಕಾಯಾ? ಬಂದೋರೆಲ್ಲ ಒಂದೊಂದು ಕಿತ್ಕೊಂಡು ಹೋಗೋಕೆ? ನಿಮ್ಮ ದೊರೆಗಳು ಮನೇಲಿ ಜಗಳ ಆಡ್ಕೊಂಡ್ರೆ ನಮ್ಮ ಯಜಮಾನ್ರ ಕೈ ಯಾಕ್ರೀ ಕತ್ತರಿಸ್ತೀರ?”

“ಅಮ್ಮಾ, ಇದು ರಾಜಕೀಯ. ನಿಂಗೆ ಅರ್ಥ ಆಗಲ್ಲ,” ಎಂದ ಲಿಸಾನಿಯಾಸ್.

“ಅರ್ಥ ಆಗತ್ತೆ ಸ್ವಾಮಿ. ನಮ್ಮ ಓಣೀಲೂ ಅಣ್ಣ ತಮ್ಮಂದಿರು ಹೊಡೆದಾಡ್ತಾರೆ. ಆದ್ರೆ ಅದಕ್ಕೆ ಅಂತ ಇನ್ನೊಂದು ಊರಿನ ಗೋಡೆ ಕೆರೆಯಲ್ಲ.”

ದಳಪತಿಗಳು ಉತ್ತರವಾಗಿ ಕತ್ತಿ ಹಿರಿದರು. ತಬೆಸ್ ಗಂಡನನ್ನು ಪಕ್ಕಕ್ಕೆ ಎಳೆದಳು. ಪಮೊಂತನ ಮುಖ ಕಲ್ಲಿನ ಪುಡಿಯಿಂದ ಬೆಳ್ಳಗಾಗಿತ್ತು. ಪುಡಿ ಇಲ್ಲದಿದ್ದರೂ ಬೆಳ್ಳಗೇ ಇರುತ್ತಿತ್ತು.

“ಪಕ್ಕದಲ್ಲಿ ಹೊಸ ಕಲ್ಲು ಇದೆಯಲ್ರೀ, ಅಲ್ಲಿ ಏನಾದ್ರೂ ಕೆತ್ತಿ.”

“ಅಣ್ಣನ ಹೆಸರು ಕೆತ್ತಿದ್ರೆ ತಂಗಿ ಕಡೆಯೋರು ಕಡೀತಾರೆ. ತಂಗೀದು ಕೆತ್ತಿದ್ರೆ ಅಣ್ಣನ ಕಡೆಯೋರು.”

“ಬಳೆ ಅಂತೂ ಇಬ್ಬರಿಗೂ ಒಂದೇ ಅಲ್ವಾ? ಮೊದ್ಲು ಅದನ್ನ ಕೆತ್ತಿ. ಸಂಜೆ ತನಕ ಎಳೀರಿ. ಅಷ್ಟರಲ್ಲಿ ಅವರಲ್ಲಿ ಒಬ್ಬರು ಸತ್ರೂ ಸಾಯ್ಬಹುದು, ಒಳ್ಳೇ ಮನೆತನ.”

ಪಮೊಂತ ಕೂತು ಕೆತ್ತಿದ. ಇದು ತನ್ನ ಎರಡು ಹೆಬ್ಬೆರಳುಗಳೂ ಸೇರಿ ಮಾಡುವ ಕೊನೆಯ ಕೆಲಸವಿರಬಹುದೆಂದು ಹಗ್ಗದ ಒಂದೊಂದು ಎಳೆಯನ್ನೂ ಬಿಡಿಸಿದ, ಗಂಟನ್ನು ನಿಜವಾದ ಗಂಟಿನ ಹಾಗೆ ಬಿಗಿದ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಅಷ್ಟು ಚೆಂದದ ಬಳೆಯನ್ನು ತೆಶ್ನಾದಲ್ಲಿ ಯಾರೂ ನೋಡಿರಲಿಲ್ಲ. ಒಳಗೆ ಏನೂ ಇರಲಿಲ್ಲ.

“ಹೆಸರೆಲ್ಲಿ?” ಎಂದರು ದಳಪತಿಗಳು ಒಟ್ಟಿಗೆ.

ಪಮೊಂತ ಎದ್ದು ನಿಂತು, ಉಳಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. “ನಾನು ಓದು ಬರದ ಬಡವ ಬುದ್ಧಿ. ಯಾವ ಹೆಸರು ಅಂತ ನೀವೇ ಒಂದು ಗೀರು ಹಾಕಿ ಕೊಡಿ. ಅದರ ಮೇಲೆ ಕೆತ್ತಿಬಿಡ್ತೀನಿ.”

ಹೇಳಿದ್ದು ಸುಳ್ಳು, ಅವನಿಗೆ ಓದು ಬರುತ್ತಿತ್ತು. ಆದರೆ ಉಳಿಯನ್ನು ಯಾರೂ ಮುಟ್ಟಲಿಲ್ಲ. ಹದಿನೆಂಟು ದಿನದ ಹಿಂದೆ ಬಿಟ್ಟು ಬಂದ ಅರಮನೆಯಲ್ಲಿ ಈಗ ಯಾರು ಉಸಿರಾಡುತ್ತಿದ್ದಾರೆಂಬುದು ದಳಪತಿಗಳಿಗೂ ಗೊತ್ತಿರಲಿಲ್ಲ. ತಪ್ಪು ಹೆಸರಿಗೆ ಗೀರು ಹಾಕಿದ ದಳಪತಿಯ ಯಾವ ಅಂಗ ತೆಗೆಯಬೇಕೆಂದು ನಿಯಮ ಹನ್ನೊಂದರಲ್ಲಿ ಇದೆ, ಅದು ಬೆರಳಲ್ಲ. ಅಣ್ಣನ ದಳಪತಿ ತಂಗಿಯ ದಳಪತಿಗೆ ದಾರಿ ಬಿಟ್ಟ. ತಂಗಿಯ ದಳಪತಿ, “ನೀವು ಮೊದ್ಲು ಬಂದಿದ್ದು, ನೀವೇ ಹಾಕಿ,” ಎಂದ. ಇಬ್ಬರೂ ಲಿಸಾನಿಯಾಸನ ಕಡೆ ತಿರುಗಿದರು. ಲಿಸಾನಿಯಾಸನಿಗೆ ಕಣ್ಣಲ್ಲಿ ಕಸ ಬಿದ್ದಿತ್ತು.

ಆಗ ರೋಮಿನ ವೆಟ್ಟಿಯಸ್ ಮುಂದೆ ಬಂದು ಬಳೆಯನ್ನು ಬಹಳ ಹೊತ್ತು ನೋಡಿದ.

“ಈ ದೊರೆ ಸೈನ್ಯ ಕೇಳ್ತಾನಾ?”

“ಇಲ್ಲ,” ಎಂದ ಲಿಸಾನಿಯಾಸ್, ಕಣ್ಣುಜ್ಜಿಕೊಳ್ಳುತ್ತ.

“ಗೋಧಿ ಒಯ್ಯೋಕೆ ಬೇಡ ಅಂತಾನಾ?”

“ಇದುವರೆಗೆ ಅಂದಿಲ್ಲ.”

“ರೋಮ್ ಇಷ್ಟು ವರ್ಷ ಹುಡುಕ್ತಾ ಇದ್ದಿದ್ದು ಇಂಥ ಗೆಳೆಯನನ್ನೇ,” ಎಂದು ವೆಟ್ಟಿಯಸ್ ಬಳೆಗೆ ಕೈ ಎತ್ತಿ ವಂದಿಸಿದ. ರೋಮ್ ವಂದಿಸಿದ ಮೇಲೆ ಉಳಿದವರು ನಿಂತಿರುವುದು ಸರಿಯಲ್ಲವೆಂದು ಎರಡೂ ಕಡೆಯ ಸಿಪಾಯಿಗಳು ಮಂಡಿಯೂರಿದರು. ಅಣ್ಣನ ಕಡೆಯವರು ಅಲ್ಲಿ ಅಣ್ಣನನ್ನು ಕಂಡರು, ತಂಗಿಯ ಕಡೆಯವರು ತಂಗಿಯನ್ನು. ಯಾರ ಬೆರಳೂ ಹೋಗಲಿಲ್ಲ.

ಮಾರನೆಯ ದಿನ ಲಿಸಾನಿಯಾಸ್ ಮೆಟ್ಟಿಲ ಮೇಲೆ ಓದಿದ: “ಪ್ರಜೆಗಳ ಗಮನಕ್ಕೆ. ದೊರೆಗಳ ಹೆಸರು ಹೇಳಬೇಕಾದ ಜಾಗದಲ್ಲಿ ಇನ್ನು ಮುಂದೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರತಕ್ಕದ್ದು. ಕೆಮ್ಮತಕ್ಕದ್ದಲ್ಲ. ಕೆಮ್ಮುವುದು ರಾಜದ್ರೋಹ.”

ಊರು ಬೇಗ ರೂಢಿ ಮಾಡಿಕೊಂಡಿತು. ಪೂಜೆಯಲ್ಲಿ ಹೊರ್ಸಿಯೆಸ್, “ನೂರು ವರ್ಷ ಬಾಳಲಿ ನಮ್ಮ…” ಎಂದು ಬಾಯಿ ಮುಚ್ಚುತ್ತಿದ್ದ, ಜನ ತಲೆ ಬಾಗುತ್ತಿದ್ದರು. ಈ ದೊರೆ ಹೊಸ ತೆರಿಗೆ ಹಾಕಲಿಲ್ಲ. ಹಳೆಯದನ್ನು ಬಿಡಲೂ ಇಲ್ಲವಾದ್ದರಿಂದ ಕಚೇರಿಯವರಿಗೂ ಬೇಸರವಾಗಲಿಲ್ಲ.

ಬೇಸರ ಇದ್ದದ್ದು ಪಮೊಂತನಿಗೆ. ಕೆಲಸವಿಲ್ಲದೆ ಅಂಗಳದಲ್ಲಿ ಕೂತು ಉಳಿ ಮಸೆಯುತ್ತಿದ್ದ.

“ನಮ್ಮಪ್ಪ ನೋಡಿದ್ರೆ ನಾಚ್ಕೊತಿದ್ದ ಕಣೇ. ಏನೂ ಕೆತ್ತದೆ ಹೆಸರು ಮಾಡಿದೆ ನಾನು.”

“ನಿಮ್ಮಪ್ಪ ಕೆತ್ತಿದ ಐದು ಹೆಸರಲ್ಲಿ ಈಗ ಎಷ್ಟು ಉಳಿದಿವೆ?” ಎಂದಳು ತಬೆಸ್.

ಐದನ್ನೂ ಕೆರೆದವನು ಪಮೊಂತನೇ, ಅಪ್ಪ ಕೆತ್ತುತ್ತಿದ್ದಾಗಲೂ ಕೆರೆಯುವ ಕೆಲಸ ಮಗನದಾಗಿತ್ತು. ಕೆರೆಯುವಾಗ ಅಪ್ಪನ ಉಳಿ ಎಲ್ಲಿ ತಿರುಗಿದೆ, ಎಲ್ಲಿ ತಡೆದು ನಿಂತಿದೆ ಎಂದು ಬೆರಳಿಗೆ ಗೊತ್ತಾಗುತ್ತಿತ್ತು. ಅದನ್ನು ಅವನು ಯಾವ ಕಚೇರಿಗೂ ಹೇಳಿರಲಿಲ್ಲ, ಹೇಳಲು ಅರ್ಜಿಯ ನಮೂನೆಯೂ ಇರಲಿಲ್ಲ. ತಬೆಸ್ ಪಕ್ಕದಲ್ಲಿ ಕೂತು ಅವನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. “ಇದನ್ನ ಯಾರೂ ಕೆರೆಯಕ್ಕಾಗಲ್ಲ, ಬಿಡಿ,” ಎಂದಳು.

ನದಿ ಉಬ್ಬಿ ಇಳಿದ ಮೇಲೆ ಒಂದು ಬೆಳಿಗ್ಗೆ ಈರುಳ್ಳಿಯ ದೋಣಿಯಿಂದ ದಪ್ಪನೆಯ ಮನುಷ್ಯನೊಬ್ಬ ಇಳಿದ. ಮೂವತ್ತು ದಾಟಿರಬಹುದು. ಮೈಮೇಲೆ ಅಂಬಿಗನ ಹರಕು ಬಟ್ಟೆ, ಕೈ ಮಾತ್ರ ಬೆಣ್ಣೆಯಷ್ಟು ಮೆತ್ತಗೆ. ನೇರವಾಗಿ ನಾಮಪಾಲನಾ ಕಚೇರಿಗೆ ಬಂದ. ಪಮೊಂತ ಆಗ ಅಲ್ಲೇ ಹೊಸ್ತಿಲು ಸರಿಮಾಡುತ್ತಿದ್ದ.

“ನಾನು ನಿಮ್ಮ ದೊರೆ,” ಎಂದ ಆ ಮನುಷ್ಯ. “ತಂಗಿ ಓಡಿಸಿದಾಳೆ. ನನ್ನ ಹೆಸರು ಕೆತ್ತಿಸಿ, ನನ್ನನ್ನ ಕಾಪಾಡಿ.”

“ಹೆಸರು?” ಎಂದ ಲಿಸಾನಿಯಾಸ್.

ಅವನು ಹೇಳಿದ.

“ಅದು ನಿಮ್ಮ ಮನೇಲಿ ಎಲ್ಲರ ಹೆಸರು. ಬೇರೆ ಗುರುತು?”

“ಮಾತೃಪ್ರಿಯ.”

“ಆ ಹೆಸರಿನ ಮೂವರು ತೀರಿಕೊಂಡ ಬಗ್ಗೆ ನಮ್ಮಲ್ಲಿ ದಾಖಲೆ ಇದೆ. ನೀವು ಎಷ್ಟನೇ ಮಾತೃಪ್ರಿಯ ಆದ್ರೂ ಸತ್ತಿದೀರಿ. ಮೇಲಾಗಿ ಜಾಗ ಖಾಲಿ ಇಲ್ಲ ಸ್ವಾಮಿ. ನಮಗೆ ದೊರೆ ಇದ್ದಾರೆ.”

“ಯಾರು?” ಅವನು ಬಾಗಿಲ ಕಡೆ ತಿರುಗಿ ನೋಡಿದ. “ತಮ್ಮನಾ?”

ಪಮೊಂತ ಅವನನ್ನು ಕರೆದುಕೊಂಡು ಹೋಗಿ ಬಳೆ ತೋರಿಸಿದ. ಅವನು ಎಡದಿಂದ ನೋಡಿದ, ಬಲದಿಂದ ನೋಡಿದ, ಕೊನೆಗೆ ಒಳಗೆ ಅಂಗೈ ಇಟ್ಟು ಸವರಿದ.

“ಇವರಿಗೆ ಅಣ್ಣತಮ್ಮಂದಿರು?”

“ಇಲ್ಲ ಬುದ್ಧಿ.”

“ತಂಗಿ?”

“ಇಲ್ಲ.”

“ಅಡುಗೆಯವನು?”

“ಊಟಾನೇ ಮಾಡಲ್ಲ.”

ಆ ಮನುಷ್ಯ ಗೋಡೆಗೆ ಹಣೆ ಹಚ್ಚಿ ಚಿಕ್ಕ ಮಗುವಿನಂತೆ ಅತ್ತ. ಆಮೇಲೆ ಮೂಗು ಒರೆಸಿಕೊಂಡು, “ಇಂಥ ಆಳ್ವಿಕೆಯಲ್ಲಿ ನನಗೊಂದು ಕೆಲಸ ಸಿಗತ್ತಾ?” ಎಂದು ಕೇಳಿದ. ಪಮೊಂತ ಹೊರ್ಸಿಯೆಸ್‌ಗೆ ಹೇಳಿ ದೇಗುಲದ ಬಾತುಕೋಳಿಗಳನ್ನು ಕಾಯುವ ಕೆಲಸ ಕೊಡಿಸಿದ. ತಬೆಸ್ ಅವನಿಗೆ ರೊಟ್ಟಿ ಈರುಳ್ಳಿ ಕೊಟ್ಟಾಗ ಅವನು ಮೊದಲು ಅವಳು ಒಂದು ತುತ್ತು ತಿನ್ನುವವರೆಗೂ ಕಾದ. ಎಂಟು ದಿನ ಕಳೆದ ಮೇಲೆ ಹಾಗೆ ಕಾಯುವುದನ್ನು ಬಿಟ್ಟ.

ತಿಂಗಳಾದ ಮೇಲೆ ಅರಮನೆಯಿಂದ ಸಿಪಾಯಿಗಳು ಬಂದರು. ತಪ್ಪಿಸಿಕೊಂಡ ದೊರೆಯನ್ನು ಹುಡುಕುತ್ತಿದ್ದೇವೆಂದರು. ಅವರ ಮುಖ್ಯಸ್ಥ ದೇಗುಲದ ಅಂಗಳದಲ್ಲಿ ನಿಂತು ಕೂಗಿದ:

“ದೊರೆ ಎಲ್ಲಿದ್ದಾನೆ, ತೋರಿಸಿ!”

ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ ಗೋಡೆಯ ಕಡೆ ಕೈ ತೋರಿಸಿದರು. ಲಿಸಾನಿಯಾಸ್ ತೋರಿಸಿದ, ಹೊರ್ಸಿಯೆಸ್ ತೋರಿಸಿದ, ಪಮೊಂತ ತಬೆಸ್ ತೋರಿಸಿದರು. ಬಾತುಕೋಳಿಗಳಿಗೆ ಹಿಟ್ಟಿನ ಉಂಡೆ ತಿನ್ನಿಸುತ್ತಿದ್ದ ದಪ್ಪನೆಯ ಮನುಷ್ಯನೂ ಕೈ ಒರೆಸಿಕೊಂಡು ತೋರಿಸಿದ.

ಮುಖ್ಯಸ್ಥ ಬಳೆಯ ಹತ್ತಿರ ಹೋಗಿ ನೋಡಿದ. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ತಲೆ ಬಾಗಿ ವಂದಿಸಿದ. ಆಮೇಲೆ ಬರೆಯುವವನನ್ನು ಕರೆದು ವರದಿ ಬರೆಸಿದ: ದೊರೆಗಳನ್ನು ತೆಶ್ನಾದಲ್ಲಿ ಖುದ್ದಾಗಿ ಕಂಡೆವು. ಆರೋಗ್ಯವಾಗಿದ್ದಾರೆ. ಮೊದಲಿಗಿಂತ ತೆಳ್ಳಗಾಗಿದ್ದಾರೆ. ಪ್ರಜೆಗಳು ಬಹಳ ಪ್ರೀತಿಸುತ್ತಾರೆ.