ಸಾಹೇಬರ ಕುರು, ಐನಾಪುರದ ಬೇರು

ಗಿಡಮೂಲಿಕೆಯ ಬೆನ್ನು ಹತ್ತಿದವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನೇ ಬಸ್ಸು ಹಿಡಿದು ಬರುತ್ತದೆ. ಈಗೀಗ ನುಗ್ಗೆ ಸೊಪ್ಪನ್ನು ಪುಡಿ ಮಾಡಿ ಡಬ್ಬಿಗೆ ತುಂಬಿ, ಮೇಲೆ ‘ಆಂಟಿ-ಆಕ್ಸಿಡೆಂಟ್’ ಎಂದು ಚೀಟಿ ಹಚ್ಚಿ ಮಾರುವುದನ್ನು ನೋಡಿದಾಗ ನನಗೆ ಸೇಡಮ್ ಕಡೆಯ ಆ ಸಣ್ಣ ಕಾಲೇಜು ನೆನಪಾಗುತ್ತದೆ. ಆ ಪದ ನನ್ನ ಕಿವಿಗೆ ಮೊದಲು ಬಿದ್ದದ್ದು ಅಲ್ಲಿಯೇ. ಅದರ ಹಿಂದೆಯೇ ನನ್ನ ಮಾನವೂ ನಾಲ್ಕೈದು ಸಲ ಬಿತ್ತು.

೧. ಸಾಹೇಬರ ಕುರು

ರಾಜ್ಯದ ಹೆಸರು ಬದಲಾಗಿ ಕರ್ನಾಟಕವಾಗಿತ್ತು. ನಮ್ಮ ಕಾಲೇಜಿನ ಕಾಗದಗಳ ಮೇಲೆ ಮಾತ್ರ ಇನ್ನೂ ಮೈಸೂರೇ ಇತ್ತು, ಹಳೆಯ ಕಾಗದ ಮುಗಿಯುವ ತನಕ ಹೊಸದು ಅಚ್ಚಾಗುವಂತಿರಲಿಲ್ಲ. ಸಸ್ಯಶಾಸ್ತ್ರ ವಿಭಾಗದಲ್ಲಿ ನಾವು ಮೂವರು. ವಿಭಾಗದ ಮುಖ್ಯಸ್ಥರು, ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದೆವು. ಪ್ರಯೋಗಶಾಲೆಯ ಜವಾನ, ಅವರನ್ನು ಚಾಚಾ ಎನ್ನುತ್ತಿದ್ದೆವು. ಆರು ತಿಂಗಳಿಗೊಮ್ಮೆ ಆದೇಶ ಬಂದರೆ ಉಳಿಯುವ, ಬಾರದಿದ್ದರೆ ಗಂಟು ಕಟ್ಟುವ ಹಂಗಾಮಿ ನೌಕರ ನಾನು.

ಸಾಹೇಬರಿಗೆ ಒಂದು ಸಂಶೋಧನಾ ಯೋಜನೆ ಮಂಜೂರಾಗಿತ್ತು. ನಮ್ಮ ಭಾಗದ ಗಿಡಗಳಲ್ಲಿ ಯಾವುದಕ್ಕೆ ರೋಗದ ಸೂಕ್ಷ್ಮಜೀವಿ ಕೊಲ್ಲುವ ಗುಣವಿದೆ ಎಂದು ನೋಡಬೇಕು. ವರ್ಷದ ಕೊನೆಗೆ ಧಾರವಾಡದಿಂದ ಒಬ್ಬ ಪರೀಕ್ಷಕರು ಬರುತ್ತಾರೆ. ಏನಾದರೂ ಸಿಕ್ಕಿದ್ದರೆ ಯೋಜನೆ ಉಳಿದೀತು, ನಾನೂ ಉಳಿದೇನು. ಇನ್ನೊಂದು ವಿಷಯವೂ ಇತ್ತು. ಕುರಕುಂಟಾದಲ್ಲಿ ನಮ್ಮ ಮನೆಯವರು ನನಗೊಂದು ಹೆಣ್ಣು ನೋಡಿದ್ದರು. ಹುಡುಗಿಯನ್ನು ನಾನು ಒಂದು ಮದುವೆಯಲ್ಲಿ ನೋಡಿದ್ದೆ, ಮನಸ್ಸು ಅಲ್ಲೇ ಬಿಟ್ಟು ಬಂದಿದ್ದೆ. ಆದರೆ ಆಕೆಯ ತಂದೆ ನನ್ನನ್ನು ನೋಡದೆಯೇ ಹೇಳಿ ಕಳಿಸಿದ್ದರು: “ಮೊದ್ಲು ನೌಕರಿ ಗಟ್ಟಿ ಆಗ್ಲಿ, ಆಮ್ಯಾಲ ನೋಡೋಣು.”

ಕೆಲಸವೇನೋ ಸರಳ. ಗಾಜಿನ ತಟ್ಟೆಯಲ್ಲಿ ಕಡಲಪಾಚಿಯ ಜೆಲ್ಲಿ, ಅದರ ಮೇಲೆ ಸೂಕ್ಷ್ಮಜೀವಿ, ನಡುವೆ ಗಿಡದ ರಸದಲ್ಲಿ ಅದ್ದಿದ ಕಾಗದದ ಬಿಲ್ಲೆ. ಮರುದಿನ ಬಿಲ್ಲೆಯ ಸುತ್ತ ಜೀವಿ ಸತ್ತು ಬಯಲು ಕಂಡರೆ ಗಿಡ ಗೆದ್ದಂತೆ. ತೊಂದರೆ ಎಂದರೆ ಗುಲಬರ್ಗಾದಿಂದ ತರಿಸಿದ ಸೂಕ್ಷ್ಮಜೀವಿಗಳು ನಮ್ಮ ಬಿಸಿಲಿಗೆ ದಾರಿಯಲ್ಲೇ ಸತ್ತು ಬರುತ್ತಿದ್ದವು. ಅದೇ ವಾರ ಸಾಹೇಬರ ಕುತ್ತಿಗೆಗೆ ನಿಂಬೆಹಣ್ಣಿನಷ್ಟು ದೊಡ್ಡ ಕುರು ಎದ್ದಿತ್ತು. ಚಾಚಾ ಅದನ್ನೇ ನೋಡುತ್ತ ನಿಂತು ಹೇಳಿದರು: “ಸಾಹೇಬರ, ಗುಲಬರ್ಗಾಕ್ಕ ಯಾಕ ಹೋಗಬೇಕ್ರಿ? ಮಾಲು ನಿಮ್ಮ ಕುತಗಿ ಮ್ಯಾಲೇ ಅದಲ್ರಿ.”

ಹಾಗೆ ಸಾಹೇಬರ ಕುರುವಿನ ಕೀವು ತಟ್ಟೆ ಸೇರಿ ವಿಜ್ಞಾನಕ್ಕೆ ದಾನವಾಯಿತು. ಅಂದಿನಿಂದ ದಿನಾ ಮುಂಜಾನೆ ಚಾಚಾ ತಟ್ಟೆ ತೆರೆದು ವರದಿ ಒಪ್ಪಿಸುವರು: “ಸಾಹೇಬರ, ನಿಮ್ಮವು ಭಾಳ ಮಜಬೂತ್ ಅವರಿ. ತುಂಬಿ ಸೊಪ್ಪಿಗೂ ಬಗ್ಗಲಿಲ್ಲ, ಉತ್ತರಾಣಿಗೂ ಬಗ್ಗಲಿಲ್ಲ.” ಹೆಮ್ಮೆ ಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಸಾಹೇಬರು ಕುತ್ತಿಗೆಯ ಪಟ್ಟಿ ಸವರಿಕೊಳ್ಳುತ್ತಿದ್ದರು.

೨. ಭಟ್ಟಿಯ ಪಕ್ಕದ ತಂಗಡಿ

ಎರಡು ತಿಂಗಳು ಹೀಗೇ ಸೋತ ಮೇಲೆ ಒಂದು ದಿನ ತಟ್ಟೆಯಲ್ಲಿ ಅಂಗೈಯಗಲ ಬಯಲು ಕಂಡಿತು. ಅದು ನಾನು ವಾಡಿಯಿಂದ ಶಹಾಬಾದಿಗೆ ಹೋಗುವ ದಾರಿಯಲ್ಲಿ ಕಿತ್ತುಕೊಂಡು ಬಂದ ತಂಗಡಿ, ಅಂದರೆ ಆವರಿಕೆಯ ಸೊಪ್ಪು. ಸಾಹೇಬರು ಪೇಢೆ ತರಿಸಿದರು. ನಾನು ಮನಸ್ಸಿನಲ್ಲೇ ಕುರಕುಂಟಾಕ್ಕೆ ದಿಬ್ಬಣ ಹೊರಡಿಸಿದೆ. ಚಾಚಾ ಒಬ್ಬರೇ, ಮನೆಯವರನ್ನು ಕಳೆದುಕೊಂಡವರಂತೆ, “ಸಾಹೇಬರವು ಒಂದೂ ಉಳೀಲಿಲ್ಲರಿ” ಎಂದು ಮರುಗಿದರು.

ಮೂರನೆಯ ದಿನ ಚಾಚಾ ವೀಳ್ಯದೆಲೆ ಹಿಡಿದು ನಮ್ಮ ಮೇಜಿನ ಹತ್ತಿರ ಬಂದರು. ತಂಗಡಿಯ ಪುಡಿಯ ಸೀಸೆಯಲ್ಲಿ ಬೆಳ್ಳಗೆ ಕಂಡದ್ದಕ್ಕೆ ಬೆರಳು ಅದ್ದಿ, ಎಲೆಗೆ ಸವರಿ, ಬಾಯಿಗಿಟ್ಟು ಕಣ್ಣು ಮುಚ್ಚಿದರು. “ಅರೆ ವ್ಹಾ! ಇಂಥಾ ಛಲೋ ಸುಣ್ಣ ಶಹಾಬಾದದ ಪೇಟಿಯಾಗೂ ಸಿಗಂಗಿಲ್ಲ.”

ಸಾಹೇಬರ ಕೈಯಲ್ಲಿದ್ದ ಪೇಢೆ ಅಲ್ಲೇ ನಿಂತಿತು. “ಎಲ್ಲಿಂದ ತಂದೀರಿ ಈ ಸೊಪ್ಪು?” ಎಂದು ನನ್ನನ್ನು ಕೇಳಿದರು. ದಾರಿಯ ಪಕ್ಕದಲ್ಲಿ ಎಂದೆ. “ದಾರಿ ಪಕ್ಕದಾಗ ಏನಿತ್ತು?” ಸುಣ್ಣದ ಭಟ್ಟಿ ಇತ್ತು ಎಂದೆ. ಗೆದ್ದದ್ದು ತಂಗಡಿಯಲ್ಲ, ಅದರ ಮೇಲೆ ಕೂತಿದ್ದ ಸುಣ್ಣ.

ಸಾಹೇಬರು ಆಗಲೇ ಅಪ್ಪಣೆ ಮಾಡಿದರು: “ಈ ಧೂಳಿನ ಸಹವಾಸ ಬ್ಯಾಡ. ಚಿಂಚೋಳಿ ಅಡವಿಗೆ ಹೋಗ್ರಿ. ಅಲ್ಲಿ ಧೂಳಿಲ್ಲ, ಗಿಡ ತೊಳೆಯೋದೂ ಬ್ಯಾಡ. ತೊಳದ್ರ ಗುಣಾನೂ ಹರದು ಹೋಗ್ತದ.” ಈ ಕೊನೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ನಾವು ಇಟ್ಟುಕೊಂಡು ಕೆಟ್ಟೆವು. ತಂಗಡಿಯ ಸೀಸೆ ಮಾತ್ರ ವ್ಯರ್ಥವಾಗಲಿಲ್ಲ, ಚಾಚಾರ ಎಲೆಯಡಿಕೆ ಸಂಚಿಯ ಪಕ್ಕದಲ್ಲಿ ಮುಗಿಯುವ ತನಕ ಇತ್ತು.

೩. ಕುರಕುಂಟಾದ ತುಪ್ಪ

ಸಾಹೇಬರ ಯೋಜನೆಯಲ್ಲಿ ಎರಡನೆಯ ಭಾಗವೊಂದಿತ್ತು. ಪೇಟೆಗೆ ಬಾರದ, ಹೊಲದ ಬದುವಿನಲ್ಲೇ ಬೆಳೆದು ಬಾಡುವ ಪಲ್ಯಗಳು: ಹಕ್ಕರಿಕಿ, ಗೋಳಿ, ಕಿರಕಸಾಲಿ. ಇವು ಎಣ್ಣೆ ಕಮಟಾಗದಂತೆ ತಡೆಯುತ್ತವೆಯೇ ನೋಡಬೇಕು. ಅದಕ್ಕೇ ಅವರು ಆಂಟಿ-ಆಕ್ಸಿಡೆಂಟ್ ಗುಣ ಎನ್ನುತ್ತಿದ್ದದ್ದು.

ಕುರಕುಂಟಾದ ಹೊಲವೊಂದರಲ್ಲಿ ನಾನು ಬಗ್ಗಿ ಹಕ್ಕರಿಕಿ ಕೀಳುತ್ತಿದ್ದೆ. ಹೊಲದ ಯಜಮಾನರು ಬಂದು ಸ್ವಲ್ಪ ಹೊತ್ತು ನೋಡಿದರು. “ಏನು ಮಾಡಾಕತ್ತೀರಿ?” ಎಂದರು. ಎಂ.ಎಸ್ಸಿ. ಆಗಿದೆ, ಪಲ್ಯದ ಗುಣ ನೋಡುತ್ತಿದ್ದೇನೆ ಎಂದೆ.

“ಎಂ.ಎಸ್ಸಿ. ಓದಿ ಬದುವಿನ ಪಲ್ಯ ಹರಕೊಂಡು ತಿನ್ನೋ ಕಾಲ ಬಂತೇನ್ರಿ?” ಎನ್ನುವಾಗ ಅವರ ಮುಖ ಸಣ್ಣದಾಯಿತು. “ಬರ್ರಿ, ಕುಂದ್ರಿ. ಉಂಡು ಎಷ್ಟು ದಿನಾ ಆತು?”

ನಾನು ಎಷ್ಟು ಹೇಳಿದರೂ ಕೇಳದೆ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ತುಪ್ಪ ಹಾಕಿದರು. ತುಪ್ಪ ಘಮ್ಮೆಂದಿತು. ಕೇಳಿದರೆ ಅದು ದೀಪಾವಳಿಗೆ ಕಾಸಿದ ತುಪ್ಪ. ನಾನು ಉಣ್ಣುತ್ತಿದ್ದದ್ದು ಯುಗಾದಿಯ ಹೊಸ್ತಿಲಲ್ಲಿ. “ಕಮಟು ಬಂದಿಲ್ಲಲ್ರಿ?” ಎಂದೆ. “ಕಾಸೋ ಮುಂದ ನಮ್ಮ ಮಗಳು ನುಗ್ಗಿ ಸೊಪ್ಪು ಹಾಕ್ತಾಳ, ಹ್ಯಾಂಗ ಬಂದೀತು?” ಎಂದರು.

ನಾವು ತಿಂಗಳುಗಟ್ಟಲೆ ಹುಡುಕುತ್ತಿದ್ದದ್ದು ಈ ಮನೆಯ ಒಲೆಯ ಮೇಲೆ ಕೂತಿತ್ತು! ಉತ್ಸಾಹದಲ್ಲಿ ನಾನು, “ಈ ತುಪ್ಪ ಸ್ವಲ್ಪ ಕಟ್ಟಿಕೊಡ್ತೀರೇನ್ರಿ? ಭಾಳ ಜರೂರದ” ಎಂದುಬಿಟ್ಟೆ. ಅವರಿಗೆ ಕಣ್ಣೀರೇ ಬಂತು. ತುಪ್ಪ ಕಟ್ಟಿಕೊಡುತ್ತ, ಯಾವ ಊರು, ಯಾರ ಮಗ ಎಂದು ಕೇಳಿದರು. ಹೇಳಿದೆ. ಅವರ ಕೈ ನಿಂತಿತು. ನನ್ನ ನೌಕರಿ ಗಟ್ಟಿಯಾಗಲಿ ಎಂದು ಹೇಳಿ ಕಳಿಸಿದ್ದ ಹಿರಿಯರು ಇವರೇ ಎಂದು ನನಗೂ ಆಗಲೇ ತಿಳಿಯಿತು.

“ಓಹೋ, ನೀವೇನು?” ಎಂದರು. ಬುತ್ತಿಯಲ್ಲಿ ಉಳಿದಿದ್ದ ಇನ್ನೆರಡು ರೊಟ್ಟಿಗಳನ್ನೂ ನನ್ನ ಚೀಲಕ್ಕೆ ತುರುಕಿ, “ಇರ್ಲಿ, ದಾರಿಗೆ ಆಗ್ತಾವ” ಎಂದರು.

೪. ಯಂತ್ರ ಕೆಟ್ಟಿತು

ಎಣ್ಣೆಯ ಕಮಟು ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಚಾಚಾರ ಮೂಗಿತ್ತು. ಒಂದೊಂದು ಸೀಸೆಯಲ್ಲಿ ಒಂದೊಂದು ಸೊಪ್ಪು ಹಾಕಿದ ಎಣ್ಣೆಯನ್ನು ಬಿಸಿಲಿನ ಕಿಟಕಿಯಲ್ಲಿ ಸಾಲಾಗಿ ಇಟ್ಟು, ವಾರಕ್ಕೊಮ್ಮೆ ಚಾಚಾರಿಂದ ಮೂಸಿಸುತ್ತಿದ್ದೆವು. ಅವರ ಮುಖ ನೋಡಿ ಸಾಹೇಬರು ದಾಖಲೆ ಪುಸ್ತಕದಲ್ಲಿ ಬರೆಯುವರು: ‘ಹುಬ್ಬು ಗಂಟು’, ‘ತುಟಿ ಸೊಟ್ಟ’, ‘ಹೊರಗೆ ಓಡಿದರು’. ನುಗ್ಗೆ ಸೊಪ್ಪಿನ ಸೀಸೆಯ ಮುಂದೆ ಎಂದೂ ‘ಮುಗುಳ್ನಗೆ’ ಎಂದೇ ಇರುತ್ತಿತ್ತು.

ಒಂದು ಸೋಮವಾರ ಚಾಚಾ ಸೀಸೆಗಳ ಮುಂದೆ ಕಲ್ಲಿನಂತೆ ನಿಂತರು, ಮುಖದಲ್ಲಿ ಏನೂ ಇಲ್ಲ. ಎಲ್ಲ ಎಣ್ಣೆಯೂ ಚೊಕ್ಕಟವಾಯಿತೇ ಎಂದು ಸಾಹೇಬರು ಹಿಗ್ಗಿ ಲೇಖನಿ ತೆಗೆದರು. ಚಾಚಾ ಕರವಸ್ತ್ರ ತೆಗೆದು, “ಬರೀಬ್ಯಾಡ್ರಿ ಸಾಹೇಬರ, ಯಂತ್ರ ಕೆಟ್ಟದ. ನೆಗಡಿ ಆಗ್ಯದ” ಎಂದರು.

೫. ಬಾಯಿ ಕಟ್ಟಿಕೊಂಡು ಬಂದ ಬೇರು

ಚಿಂಚೋಳಿಯ ಐನಾಪುರದಲ್ಲಿ ಬೇರು-ನಾರು ಬಲ್ಲ ಒಬ್ಬ ಮುದುಕಿ ಇದ್ದಳು. ಹಣೆ ತುಂಬ ಕುಂಕುಮ, ಬಾಯಿ ತುಂಬ ಎಲೆ. ಎಲ್ಲರೂ ಆಯಿ ಎನ್ನುತ್ತಿದ್ದರು. ಇಪ್ಪತ್ತು ಬಗೆಯ ಬೇರು ಬೇಕು ಎಂದೆ. ಆಕೆಯ ಕಟ್ಟಳೆಗಳು ನಮ್ಮ ಕಾಲೇಜಿನವಕ್ಕಿಂತ ಬಿಗಿ. ಹಿಂದಿನ ಸಂಜೆಯೇ ಗಿಡದ ಮುಂದೆ ಅಕ್ಕಿಕಾಳು ಇಟ್ಟು, “ನಾಳೆ ಒಯ್ತೀನಿ ತಾಯಿ, ಸಿಟ್ಟಾಗಬ್ಯಾಡ” ಎಂದು ಹೇಳಿ ಬರಬೇಕು. ಮುಂಜಾನೆ ನಮ್ಮ ನೆರಳು ಗಿಡದ ಮೇಲೆ ಬೀಳದ ಹಾಗೆ ಅಗೆಯಬೇಕು. “ಆಮ್ಯಾಲ ಬೇರು ಮನಿ ಮುಟ್ಟೋತನ ಮಾತಾಡಬಾರ್ದು ನೋಡಪಾ. ಮಾತಾಡಿದ್ರ ಗುಣ ಹೋಗ್ತದ.”

ಅಗೆದು ತಂದ ಬೇರುಗಳನ್ನು ಆಕೆಯೇ ಒಳಗೆ ಒಯ್ದು, ಅರಿವೆಯಲ್ಲಿ ಕಟ್ಟಿ ತಂದು ಕೊಟ್ಟಳು. ನಾನು ವಿಜ್ಞಾನ ಓದಿದವನು, ಇದನ್ನೆಲ್ಲ ನಂಬುವವನಲ್ಲ. ಆದರೆ ನೌಕರಿ ಹೋಗುವ ಹೊತ್ತಿನಲ್ಲಿ ಯಾವುದನ್ನೂ ನಂಬದೆ ಇರುವಷ್ಟು ಧೈರ್ಯವೂ ನನಗಿರಲಿಲ್ಲ. ಬಾಯಿ ಮುಚ್ಚಿಕೊಂಡೇ ಸೇಡಮ್ ಬಸ್ಸು ಹತ್ತಿದೆ.

ಕಂಡಕ್ಟರ್ ಎಲ್ಲಿಗೆ ಎಂದರೆ ಕೈ ಸನ್ನೆ ಮಾಡಿದೆ. “ಪಾಪ, ಮೂಗ” ಎಂದು ಅವನೇ ಮುಂದಿನ ಸೀಟಿನವರನ್ನು ಎಬ್ಬಿಸಿ ಕೂರಿಸಿದ. ಒಬ್ಬ ಹೆಂಗಸು ಬಾಳೆಹಣ್ಣು ಕೊಟ್ಟಳು. ಪರವಾಗಿಲ್ಲ, ಮಾತಿಗಿಂತ ಮೌನಕ್ಕೇ ಗಿರಾಕಿ ಜಾಸ್ತಿ ಎಂದುಕೊಳ್ಳುತ್ತಿರುವಾಗ ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಕುರಕುಂಟಾದ ಹಿರಿಯರು! “ಏನ್ರಿ, ಆರಾಮಿದ್ದೀರಿ?” ಎಂದರು. ನಾನು ತಲೆ ಆಡಿಸಿದೆ. “ನೌಕರಿ ಏನಾತು?” ನಾನು ಬೇರಿನ ಗಂಟನ್ನು ಎದೆಗೆ ಒತ್ತಿಕೊಂಡು ಹಲ್ಲು ಕಿರಿದೆ.

ಅವರು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, ಪಕ್ಕದವರಿಗೆ ಮೆಲ್ಲಗೆ ಹೇಳಿದ್ದು ಇಡೀ ಬಸ್ಸಿಗೆ ಕೇಳಿಸಿತು: “ಹ್ವಾದ ತಿಂಗಳ ಬರೇ ಹಸಿವಿತ್ತು. ಈಗ ಮಾತೂ ಹೋಗ್ಯದ.”

೬. ತೊಳೆದ ಮೇಲೆ

ಆದರೆ ಆಯಿಯ ಬೇರು! ಚಾಚಾ ಗಂಟು ಬಿಚ್ಚಿ, ಮೇಲೆ ಹತ್ತಿದ್ದನ್ನು ಅಡವಿಯ ಮಣ್ಣೆಂದುಕೊಂಡು, ತೊಳೆಯದೆಯೇ ಕುಟ್ಟಿ, ಸ್ಪಿರಿಟ್ಟಿನಲ್ಲಿ ನೆನೆಸಿದರು. ರಸವೆಲ್ಲ ಹಳದಿ. “ಅಡವಿ ಬೇರು ನೋಡ್ರಿ, ಬಣ್ಣದಾಗೇ ಗುಣ ಅದ” ಎಂದರು ಸಾಹೇಬರು. ಮರುದಿನ ಇಪ್ಪತ್ತಕ್ಕೆ ಇಪ್ಪತ್ತೂ ತಟ್ಟೆಗಳಲ್ಲಿ ಬಯಲು. ಸಾಹೇಬರ ಕುರುವಿನ ಸಂತತಿ ಸುಣ್ಣದ ನೆರವಿಲ್ಲದೆ ಮೊದಲ ಸಲ ಶರಣಾಗಿತ್ತು. ಪೇಢೆ ಮತ್ತೆ ಬಂತು.

ಪರೀಕ್ಷಕರು ಬರಲು ಎಂಟು ದಿನವಿರುವಾಗ ಅವರಿಗೆ ತೋರಿಸಲೆಂದು ಇನ್ನಷ್ಟು ಬೇರು ತರಲು ಐನಾಪುರಕ್ಕೆ ಹೋದೆ. ಅಂದು ಆಯಿಯ ಮನೆಯ ಒಳಗೆ ಸುಣ್ಣ ಬಳಿಯುತ್ತಿದ್ದರು. ಆಕೆ ಅಂಗಳದಲ್ಲೇ ಕೂತು ಗಂಟು ಕಟ್ಟತೊಡಗಿದಳು. ಒಂದೊಂದು ಬೇರನ್ನೂ ಎತ್ತಿ, ಬಟ್ಟಲಿನ ಅರಿಷಿಣವನ್ನು ಬುಡದಿಂದ ತುದಿಯ ತನಕ ದಪ್ಪಗೆ ಹಚ್ಚಿ, ಕುಂಕುಮವಿಟ್ಟು ಅರಿವೆಯಲ್ಲಿ ಮಲಗಿಸಿದಳು.

ನಾನು ಒಂದು ಬೇರೆತ್ತಿ ಬೆರಳಿನಿಂದ ಉಜ್ಜಿ ನೋಡಿದೆ. “ಆಯಿ, ಹಿಂದಿನ ಸಲಾನೂ ಅರಿಷಿಣ ಹಚ್ಚಿದ್ದೇನು?”

“ಹಚ್ಚದ ಇರ್ತೀನೇನಪಾ? ಅಡವಿ ಇದರ ತವರುಮನಿ. ತವರಿನಿಂದ ಮಗಳನ್ನ ಅರಿಷಿಣ-ಕುಂಕುಮ ಇಲ್ದ ಯಾರರ ಕಳಸ್ತಾರೇನು?”

ಸೂಕ್ಷ್ಮಜೀವಿ ಕೊಂದದ್ದು ಅರಿಷಿಣ. ಅದರ ಗುಣ ನಮ್ಮ ಭಾಗದಲ್ಲಿ ಗಾಯ ಮಾಡಿಕೊಂಡ ಯಾರಿಗೆ ಗೊತ್ತಿಲ್ಲ? ವಾಪಸು ಬರುವಾಗ ಅದೇ ಕಂಡಕ್ಟರ್ ಬಂದ. ಈ ಸಲ ಯಾರ ಕಟ್ಟಳೆಯೂ ಬೇಕಾಗಲಿಲ್ಲ, ನನಗೆ ತಾನಾಗಿಯೇ ಮಾತು ಹೊರಡಲಿಲ್ಲ. ಸುಮ್ಮನಿದ್ದರೆ ನೌಕರಿ ಉಳಿಯುತ್ತದೆ, ಮದುವೆಯಾಗುತ್ತದೆ. ಇಪ್ಪತ್ತು ಬೇರುಗಳ ವರದಿ ಆಗಲೇ ಟೈಪಾಗಿತ್ತು. ಸೇಡಮ್ ಬರುವ ತನಕ ನಾನು ನನ್ನ ಹಳದಿ ಬೆರಳುಗಳನ್ನೇ ನೋಡುತ್ತ ಕೂತಿದ್ದೆ.

ಸಾಹೇಬರ ಮುಂದೆ ಹೋಗಿ ಬೆರಳು ತೋರಿಸಿದೆ. ನಡೆದದ್ದು ಕೇಳಿ ಅವರು ಟೈಪಾದ ವರದಿಯನ್ನು ಒಮ್ಮೆ ತಿರುವಿ ಹಾಕಿದರು. ನನ್ನ ಹೊಟ್ಟೆಪಾಡು ಅವರಿಗೂ ಗೊತ್ತಿತ್ತು. ಕೊನೆಗೆ ಒಂದೇ ಮಾತು ಹೇಳಿದರು: “ತೊಳೀರಿ.”

ತೊಳೆದೆವು. ಇಪ್ಪತ್ತರಲ್ಲಿ ಮೂರು ನಿಂತವು. ಅವುಗಳ ಸುತ್ತಲಿನ ಬಯಲೂ ಬಳೆಯಷ್ಟಿದ್ದದ್ದು ಅಂಗಿಯ ಗುಂಡಿಯಷ್ಟಾಗಿತ್ತು. ಹಳೆಯ ವರದಿ ಹರಿದು, ಅರಿಷಿಣದ ಕಥೆಯನ್ನೂ ಸೇರಿಸಿ ನಾನೇ ಹೊಸದು ಬರೆದೆ.

ಧಾರವಾಡದ ಪರೀಕ್ಷಕರು ಗಂಭೀರ ಮನುಷ್ಯರು. ಓದುತ್ತ ಓದುತ್ತ ಅವರ ಹೆಗಲು ಅಲುಗಾಡತೊಡಗಿತು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ಆಮೇಲೆ ತಟ್ಟೆ ನೋಡಿ, “ಈ ಸೂಕ್ಷ್ಮಜೀವಿ ಯಾವ ತಳಿ?” ಎಂದರು. ಸಾಹೇಬರು ತಡವರಿಸಿದರು. ಚಾಚಾ ಮುಂದೆ ಬಂದು ಸಾಹೇಬರ ಕುತ್ತಿಗೆಯತ್ತ ಕೈ ಮಾಡಿ, “ಸ್ವಂತ ಮನೀದೇರಿ” ಎಂದರು. ಮೂರು ಬೇರು, ನುಗ್ಗೆ ಸೊಪ್ಪಿನ ತುಪ್ಪ, ಇಷ್ಟರ ಮೇಲೆ ಯೋಜನೆಗೆ ಇನ್ನೆರಡು ವರ್ಷ ಸಿಕ್ಕಿತು. ನನಗೂ ಅಷ್ಟೇ.

ಎರಡು ವರ್ಷವೆಂದರೆ ಗಟ್ಟಿ ನೌಕರಿಯಲ್ಲ. ಕುರಕುಂಟಾದ ಹಿರಿಯರು ವಿಚಾರಿಸಲು ಕಾಲೇಜಿಗೇ ಬಂದರು. ನಮ್ಮ ಕಡೆ ಇಂಥ ವಿಷಯವನ್ನು ಪ್ರಿನ್ಸಿಪಾಲರನ್ನು ಕೇಳುವುದಿಲ್ಲ, ಜವಾನರನ್ನು ಕೇಳುತ್ತಾರೆ. “ಹುಡುಗನ ನೌಕರಿ ಗಟ್ಟಿ ಅದ ಏನ್ರಿ?” ಎಂದರೆ ಚಾಚಾ, “ಬೇಫಿಕರ್ ಇರ್ರಿ, ಸಾಹೇಬರ ಕುರು ಇರೋತನ ಗಟ್ಟಿ” ಎಂದರಂತೆ! ಆಮೇಲೆ ನನ್ನ ಬಸ್ಸಿನ ಮೌನವನ್ನೂ ಸೇರಿಸಿ ಅರಿಷಿಣದ ಕಥೆಯನ್ನು ಮೊದಲಿನಿಂದ ಕೊನೆಯ ತನಕ ಹೇಳಿದರಂತೆ. ಹಿರಿಯರು ಕೇಳಿ ಎದ್ದು ನಿಂತು, “ಇಪ್ಪತ್ತು ಇದ್ದದ್ದನ್ನ ಮೂರು ಅಂತ ತಾನೇ ಬರದು ಕೊಟ್ಟಾನಂದ್ರ, ನನ್ನ ಮಗಳಿಗೂ ಸುಳ್ಳು ಹೇಳಂಗಿಲ್ಲ ಬಿಡ್ರಿ. ಉಣ್ಣೋದು ತಿನ್ನೋದು ನಾವು ನೋಡಿಕೋತೀವಿ” ಎಂದರು.

ಹೀಗೆ ನುಗ್ಗೆ ಸೊಪ್ಪು ಹಾಕಿ ತುಪ್ಪ ಕಾಸುವ ಕೈ ನಮ್ಮ ಮನೆಗೆ ಬಂತು. ಚಾಚಾ ಈಗಿಲ್ಲ, ಸಾಹೇಬರೂ ಇಲ್ಲ. ನಮ್ಮ ಅಡುಗೆಮನೆಯ ತುಪ್ಪ ಮಾತ್ರ ಇವತ್ತಿಗೂ ಕಮಟಾಗಿಲ್ಲ. ಭರಣಿಯ ಮುಚ್ಚಳ ತೆಗೆದಾಗಲೆಲ್ಲ ಅವರಿಬ್ಬರೂ ನನಗೆ ನೆನಪಾಗುತ್ತಾರೆ.

ಮದುವೆಯ ಹಿಂದಿನ ದಿನ ನನಗೆ ಅರಿಷಿಣ ಹಚ್ಚಲು ಐನಾಪುರದಿಂದ ಆಯಿ ತಾನೇ ಬಟ್ಟಲು ಹಿಡಿದು ಬಂದಿದ್ದಳು. ಆಕೆಯ ಹದಿನೇಳು ಬೇರು ಸೋತದ್ದು ಆಕೆಗೆ ತಿಳಿದಿತ್ತು. ಮುಖ, ಕೈ, ಕಾಲು ಎನ್ನದೆ ದಪ್ಪಗೆ ಬಳಿದು, ಎಲ್ಲರೂ ಕೇಳುವ ಹಾಗೆ ಹೇಳಿದಳು:

“ಇದನ್ನರ ತೊಳಕೋಬ್ಯಾಡಪಾ ಮಗನ. ತೊಳದಿ ಅಂದ್ರ ನಿನ್ನ ಗುಣಾನೂ ಹುಡುಗಿಗೆ ಗೊತ್ತಾಗ್ತದ.”